ಜೋಧಪುರದಿಂದ ಥಾರ್‌ಗೆ ಐದು ದಿನ: ಕಾರು ಅವರದಿರಲಿ, ವೇಳಾಪಟ್ಟಿ ನಿಮ್ಮದಿರಲಿ

ಜೋಧಪುರದ ಒಂದು ಟ್ಯಾಕ್ಸಿ ಸಂಸ್ಥೆಯಿಂದ ಚಾಲಕರ ಸಮೇತ ಕಾರನ್ನು ಬಾಡಿಗೆಗೆ ಪಡೆದು, ಡಿಸೆಂಬರ್ ಮೊದಲ ವಾರದಲ್ಲಿ ನಾನು ಮತ್ತು ನನ್ನ ಪತ್ನಿ ಜೈಸಲ್ಮೇರ್, ಖುರಿ, ತನೋಟ್‌ಗಳ ಕಡೆಗೆ ಐದು ದಿನ ಸುತ್ತಿ ಬಂದೆವು. ಈ ಸಂಸ್ಥೆಯ ಕಾರು ಮತ್ತು ಚಾಲಕರ ಬಗ್ಗೆ ನನಗೆ ಒಳ್ಳೆಯ ಮಾತಲ್ಲದೆ ಬೇರೇನೂ ಹೇಳಲಿಕ್ಕಿಲ್ಲ. ಆದರೆ ಅದೇ ಸಂಸ್ಥೆ ಮೊದಲು ಕಳುಹಿಸಿದ ಪ್ರವಾಸದ ವೇಳಾಪಟ್ಟಿಯನ್ನು ಹಾಗೆಯೇ ಒಪ್ಪಿಕೊಂಡಿದ್ದರೆ, ನೂರಾರು ಕಿಲೋಮೀಟರ್ ದಾರಿ ಸವೆಸಿಯೂ ಮರುಭೂಮಿಯನ್ನು ಕಾಣದೆ ಹಿಂದಿರುಗುತ್ತಿದ್ದೆವು.

ಅವರ ಮೂಲ ಯೋಜನೆ ನಾಲ್ಕು ದಿನಗಳದ್ದು. ಒಂದು ದಿನ ಜೋಧಪುರ. ಎರಡನೆಯ ದಿನ ಬೆಳಿಗ್ಗೆ ‘ಬಿಷ್ಣೋಯಿ ಗ್ರಾಮ ದರ್ಶನ’ ಮುಗಿಸಿ ನೇರವಾಗಿ ಸಮ್ ಮರಳುದಿಬ್ಬಗಳಿಗೆ ಹೋಗಿ ಸಂಜೆ ಒಂಟೆ ಸವಾರಿ, ರಾತ್ರಿ ಡೇರೆ. ಮೂರನೆಯ ದಿನ ಜೈಸಲ್ಮೇರ್. ನಾಲ್ಕನೆಯ ದಿನ ವಾಪಸು. ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಇದರ ದೋಷ ತಕ್ಷಣ ಕಾಣುತ್ತದೆ. 1730ರಲ್ಲಿ ಬನ್ನಿ ಮರಗಳನ್ನು ಉಳಿಸಲು ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ತೆತ್ತ ಖೇಜಡ್ಲಿ ಮತ್ತು ಅದರ ಸುತ್ತಲಿನ ಹಳ್ಳಿಗಳಿರುವುದು ಜೋಧಪುರದ ಆಗ್ನೇಯಕ್ಕೆ. ಜೈಸಲ್ಮೇರ್ ಇರುವುದು ವಾಯವ್ಯಕ್ಕೆ. ಬೆಳಗಿನ ಹೊತ್ತನ್ನು ವಿರುದ್ಧ ದಿಕ್ಕಿನಲ್ಲಿ ಕಳೆದು, ಮತ್ತೆ ನಗರವನ್ನು ದಾಟಿ, ಸುಮಾರು 280 ಕಿಲೋಮೀಟರ್ ದೂರದ ಜೈಸಲ್ಮೇರನ್ನೂ ಅದರಾಚೆ 40 ಕಿಲೋಮೀಟರ್ ದೂರದ ಸಮ್ ಅನ್ನೂ ಸೂರ್ಯಾಸ್ತಕ್ಕೆ ಮೊದಲು ಮುಟ್ಟಬೇಕೆಂದರೆ ನಡುವೆ ಎಲ್ಲಿಯೂ ಇಳಿಯುವಂತಿಲ್ಲ. ಖೇಜಡ್ಲಿ ನೋಡಲೇಬೇಕಾದ ಸ್ಥಳ, ಆದರೆ ಅದು ಜೋಧಪುರದ ದಿನಕ್ಕೆ ಸೇರಬೇಕು.

ಹೀಗಾಗಿ ನಾವು ಯೋಜನೆಯನ್ನು ನಾವೇ ಬರೆದು ಕಳುಹಿಸಿ, ಅದಕ್ಕೆ ದರ ಕೇಳಿದೆವು. ದರ ಕಿಲೋಮೀಟರಿಗೆ 13 ರೂಪಾಯಿ, ದಿನಕ್ಕೆ ಕನಿಷ್ಠ 250 ಕಿಲೋಮೀಟರ್, ಚಾಲಕರ ಭತ್ಯೆ ಮತ್ತು ಟೋಲ್ ಪ್ರತ್ಯೇಕ. ಈ ‘ಕನಿಷ್ಠ’ ಎಂಬ ಪದದ ಬಳಿ ಸ್ವಲ್ಪ ನಿಲ್ಲಬೇಕು. ನಾವು ಓಡಿಸಬೇಕಿದ್ದ ಒಟ್ಟು ದೂರ ಸುಮಾರು 965 ಕಿಲೋಮೀಟರ್. ಐದು ದಿನಗಳಿಗೆ ಒಟ್ಟಾಗಿ ಲೆಕ್ಕ ಹಾಕಿದರೆ 1,250 ಕಿಲೋಮೀಟರಿಗೆ ಹಣ ಕೊಡಬೇಕು. ಆದರೆ ಸಂಸ್ಥೆಯವರು ದಿನದಿನದ ಲೆಕ್ಕ ಹಿಡಿದಿದ್ದರು: ಕಡಿಮೆ ಓಡಿದ ಮೂರು ದಿನಗಳಿಗೆ ತಲಾ 250, ತನೋಟ್‌ಗೆ ಹೋಗುವ ದಿನಕ್ಕೆ 310, ವಾಪಸಾಗುವ ದಿನಕ್ಕೆ 280, ಹೀಗೆ 1,340. ವ್ಯತ್ಯಾಸ 1,170 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಕೇಳಿದ ಕೂಡಲೇ ಒಟ್ಟು ಲೆಕ್ಕಕ್ಕೆ ಅವರು ಒಪ್ಪಿದರು, ಕೇಳದವರು ಕೊಡುತ್ತಾರೆ. ಹೇಗಿದ್ದರೂ ಓಡದ ದೂರಕ್ಕೆ ಹಣ ಹೋಗುವುದರಿಂದ, ದಾರಿಯನ್ನು ಒಂದಿಷ್ಟು ಸುತ್ತು ಮಾಡಿಕೊಳ್ಳುವುದರಲ್ಲಿ ನಷ್ಟವಿಲ್ಲ. ನಾವು ಮಾಡಿದ್ದೂ ಅದನ್ನೇ.

ಜೋಧಪುರದಲ್ಲಿ ಕಾರು ಬೇಕಾಗಲಿಲ್ಲ. ರಾವ್ ಜೋಧಾ 1459ರಲ್ಲಿ ಕಟ್ಟಿಸಲಾರಂಭಿಸಿದ ಮೆಹರಾನಗಢ ಕೋಟೆ, ಹಳೆಯ ಊರಿನ ನೀಲಿ ಮನೆಗಳು, ತೂರ್‌ಜಿ ಕಾ ಝಾಲರಾ ಎಂಬ ಮೆಟ್ಟಿಲು ಬಾವಿ, ಇವೆಲ್ಲ ನಡೆದೇ ನೋಡಬೇಕಾದವು, ಮತ್ತು ಹಳೆಯ ಊರಿನ ಓಣಿಗಳಲ್ಲಿ ಕಾರು ನುಗ್ಗುವುದೂ ಇಲ್ಲ. ಮರುಭೂಮಿಗೆ ಹೊರಟವರು ಕೋಟೆಯ ಬುಡದಲ್ಲಿರುವ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನಕ್ಕೆ ಎರಡು ಗಂಟೆ ಕೊಡಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಬಳ್ಳಾರಿ ಜಾಲಿ ಎಂದು ಕರೆಯುವ, ಮಾರವಾಡದವರು ‘ಬಾವಲಿಯಾ’, ಅಂದರೆ ಹುಚ್ಚು ಗಿಡ, ಎಂದು ಹೆಸರಿಟ್ಟಿರುವ ಹೊರನಾಡಿನ ಮುಳ್ಳುಗಿಡ ಈ ಬಂಡೆಗಳನ್ನೆಲ್ಲ ಆವರಿಸಿಕೊಂಡಿತ್ತು. 2006ರಿಂದ ಅದನ್ನು ಬೇರುಸಹಿತ ಕಿತ್ತು, ಸುಮಾರು 70 ಹೆಕ್ಟೇರಿನಲ್ಲಿ ಮರುಭೂಮಿಯ ಸ್ವಂತ ಗಿಡಗಳನ್ನು ಮತ್ತೆ ಬೆಳೆಸಿದ್ದಾರೆ. ಖೇಜಡಿ ಎಂದು ಅಲ್ಲಿ ಪೂಜಿಸುವ ಮರ ನಮ್ಮ ದಸರೆಯ ಬನ್ನಿಯೇ ಎಂಬುದು ಅಲ್ಲಿನ ಫಲಕದ ಮುಂದೆ ನಿಂತಾಗ ಮನಸ್ಸಿಗೆ ನಾಟಿತು. ರೋಹಿಡಾ, ಕೇರ್, ಎಕ್ಕದ ಗಿಡಗಳನ್ನು ಇಲ್ಲಿ ಗುರುತು ಹಿಡಿದಿದ್ದರಿಂದ, ಮುಂದಿನ ನಾಲ್ಕು ದಿನ ಕಾರಿನ ಕಿಟಕಿಯಾಚೆ ಬರೀ ‘ಕುರುಚಲು’ ಕಾಣಲಿಲ್ಲ.

ಮೊದಲ ದಿನ ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಸುಮಾರು 65 ಕಿಲೋಮೀಟರ್ ದೂರದ ಓಸಿಯಾನ್‌ನಲ್ಲಿ ಎಂಟನೆಯ ಶತಮಾನದ, ಪ್ರತಿಹಾರರ ಕಾಲದ ಮಹಾವೀರ ದೇವಾಲಯವನ್ನು ಇಳಿಬಿಸಿಲಿನಲ್ಲಿ ನೋಡಿ, ಕತ್ತಲಾಗುವ ಹೊತ್ತಿಗೆ ಫಲೋದಿ ಸೇರಿದೆವು. 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ತಲುಪಿ ದೇಶದ ದಾಖಲೆ ಬರೆದ ಊರು ಇದು; ನಾವು ಇಳಿದಾಗ ಮಾತ್ರ ಸ್ವೆಟರ್ ಹುಡುಕಬೇಕಾಯಿತು. ಇಲ್ಲಿ ತಂಗಬೇಕೆಂದಾಗ ಸಂಸ್ಥೆಯ ಕಚೇರಿಯವರು ‘ಅಲ್ಲೇನಿದೆ’ ಎಂದು ಕೇಳಿದ್ದರು. ಪಕ್ಕದಲ್ಲೇ ಖೀಚನ್ ಇದೆ. ಮಧ್ಯ ಏಷ್ಯಾ, ಮಂಗೋಲಿಯಾಗಳ ಕಡೆಯಿಂದ ಸೆಪ್ಟೆಂಬರಿನಲ್ಲಿ ಬಂದು ಮಾರ್ಚಿನವರೆಗೆ ಉಳಿಯುವ, ಸ್ಥಳೀಯರು ಕುರ್ಜಾ ಎನ್ನುವ ಕ್ರೌಂಚಗಳಿಗೆ ಊರಿನ ಜನ ಬೇಲಿ ಹಾಕಿದ ಆವರಣದಲ್ಲಿ ಪ್ರತಿದಿನ ಕಾಳು ಚೆಲ್ಲುತ್ತಾರೆ. ಹಕ್ಕಿಗಳು ಕಾಳಿಗೆ ಇಳಿಯುವುದು ಬೆಳಿಗ್ಗೆ. ಆದ್ದರಿಂದ ಜೋಧಪುರದಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ‘ದಾರಿಯಲ್ಲಿ ಖೀಚನ್’ ನೋಡುತ್ತೇವೆ ಎನ್ನುವವರಿಗೆ ಕಾಣುವುದು ಖಾಲಿ ಆವರಣ. ನಾವು ಏಳು ಗಂಟೆಗೆಲ್ಲ ಅಲ್ಲಿದ್ದೆವು. ಆಕಾಶದಲ್ಲಿ ಸಾಲುಸಾಲಾಗಿ ಸುತ್ತಿ ಕೆಳಗಿಳಿಯುವ ಆ ಸಾವಿರಾರು ಹಕ್ಕಿಗಳ ಕೂಗಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಇಡೀ ಪ್ರವಾಸದಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾನು ಆ ಬೆಳಗನ್ನು ಉಳಿಸಿಕೊಳ್ಳುತ್ತೇನೆ.

ಪೋಖರಣ್ ಕುರಿತು ಒಂದು ಮಾತು. ಪ್ರವಾಸದ ಪಟ್ಟಿಗಳಲ್ಲಿ ಅದರ ಹೆಸರು ದಪ್ಪ ಅಕ್ಷರಗಳಲ್ಲಿರುತ್ತದೆ, ಆದರೆ 1974 ಮತ್ತು 1998ರ ಅಣುಪರೀಕ್ಷೆಗಳು ನಡೆದ ಜಾಗಕ್ಕೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಊರಿನ ಕೋಟೆಯಲ್ಲಿ ಆಸಕ್ತಿಯಿಲ್ಲದಿದ್ದರೆ ಚಹಾ ಕುಡಿದು ಮುಂದುವರಿಯಬಹುದು.

ರಾವಲ್ ಜೈಸಲ್ 1156ರಲ್ಲಿ ಸ್ಥಾಪಿಸಿದ ಜೈಸಲ್ಮೇರ್ ಕೋಟೆಯೊಳಗೆ ಇಂದಿಗೂ ಜನ ವಾಸಿಸುತ್ತಾರೆ. ಸಂಸ್ಥೆಯವರು ಕೋಟೆಯೊಳಗಿನ ಒಂದು ಹೋಟೆಲನ್ನು ಸೂಚಿಸಿದ್ದರು. ನಾವು ಹೊರಗೇ ಉಳಿದೆವು. ಅತ್ಯಲ್ಪ ಮಳೆಯ ನಾಡಿಗೆಂದು ಕಟ್ಟಿದ ಆ ಕೋಟೆಯ ಬುಡಕ್ಕೆ ಇಂದಿನ ನಲ್ಲಿ, ಶೌಚಾಲಯಗಳ ನೀರು ಇಳಿದು ಗೋಡೆಗಳು ಕುಸಿದಿರುವುದು ತಿಳಿದ ಮೇಲೆ, ಅಲ್ಲಿ ಸ್ನಾನ ಮಾಡಲು ಮನಸ್ಸು ಒಪ್ಪಲಿಲ್ಲ. ಹೊರಗೆ ಉಳಿದವರಿಗೆ ಇನ್ನೊಂದು ಲಾಭವಿದೆ: ಚಿನ್ನದ ಬಣ್ಣಕ್ಕೆ ತಿರುಗುವ ಕೋಟೆಯನ್ನು ನೋಡಬೇಕಾದರೆ ಅದರ ಹೊರಗಿರಬೇಕು.

ಸಮ್ ಬದಲು ಖುರಿಯನ್ನು ಆರಿಸಿಕೊಂಡದ್ದು ನಮ್ಮ ಎರಡನೆಯ ದೊಡ್ಡ ಬದಲಾವಣೆ. ಸಮ್‌ನ ದಿಬ್ಬಗಳು ದೊಡ್ಡವು, ಚಿತ್ರಗಳಲ್ಲಿ ಚೆಂದ ಕಾಣುವಂಥವು. ಆದರೆ ರಸ್ತೆಯುದ್ದಕ್ಕೂ ಡೇರೆಗಳ ಸಾಲು, ಧ್ವನಿವರ್ಧಕ, ಜೀಪುಗಳ ಓಡಾಟ. ಮಕ್ಕಳೊಂದಿಗೆ ಬರುವ, ಗದ್ದಲವೇ ಹಬ್ಬವೆನ್ನುವ ಕುಟುಂಬಗಳಿಗೆ ಅದೇ ಸರಿಯಾದ ಜಾಗ. ನೈಋತ್ಯಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುವ ಖುರಿ ನಿಜವಾದ ಹಳ್ಳಿ. ದಿಬ್ಬಗಳು ಚಿಕ್ಕವು, ಆದರೆ ರಾತ್ರಿ ಕತ್ತಲಿರುತ್ತದೆ. ದಾರಿಯಲ್ಲಿ ಪಾಲಿವಾಲ ಬ್ರಾಹ್ಮಣರು ತೊರೆದು ಹೋದ ಕುಲಧರಾ ಇದೆ. ಎಲ್ಲರೂ ಅಲ್ಲಿನ ದೆವ್ವದ ಕಥೆ ಹೇಳುತ್ತಾರೆ. ಆ ಜನ ತಗ್ಗಿನ ಭೂಮಿಗೆ ಒಡ್ಡು ಕಟ್ಟಿ, ಬಿದ್ದ ಅಷ್ಟಿಷ್ಟು ಮಳೆಯನ್ನು ನಿಲ್ಲಿಸಿ, ಆ ತೇವದಲ್ಲೇ ಗೋಧಿ ಬೆಳೆಯುತ್ತಿದ್ದ ‘ಖಡೀನ್’ ಪದ್ಧತಿಯನ್ನು ನಮ್ಮ ಚಾಲಕರು ಮಾತ್ರ, ಕಾರು ನಿಲ್ಲಿಸಿ, ಕೈಮಾಡಿ ತೋರಿಸಿ ವಿವರಿಸಿದರು. ಸ್ವತಃ ರೈತ ಕುಟುಂಬದವರಾದ ಅವರು ಪ್ರತಿ ಮಾತಿಗೂ ‘ಹುಕುಂ’ ಸೇರಿಸುತ್ತಿದ್ದ ರೀತಿಗೆ ಮೊದಲು ಮುಜುಗರವಾಯಿತು. ಅದು ಮಾರವಾಡದ ಮರ್ಯಾದೆಯ ಮಾತೆಂದು ತಿಳಿದ ಮೇಲೆ ನಾವೂ ಅವರನ್ನು ಹಾಗೆಯೇ ಕರೆದೆವು.

ಖುರಿಯ ಡೇರೆಯನ್ನು ಕಾದಿರಿಸಿದ್ದು ಸಂಸ್ಥೆಯೇ, ಮತ್ತು ಇಲ್ಲಿ ಸೇವೆ ಮುಗ್ಗರಿಸಿತು. ಒಂದೂವರೆ ಗಂಟೆಯದೆಂದು ಹೇಳಿದ್ದ ಒಂಟೆ ಸವಾರಿ ಇಪ್ಪತ್ತೈದು ನಿಮಿಷಕ್ಕೆ ಮುಗಿಯಿತು. ದೂರವಾಣಿಯಲ್ಲಿ ದೂರಿದಾಗ ಕಚೇರಿಯವರು ಡೇರೆಯವರನ್ನೂ ಡೇರೆಯವರು ಕಚೇರಿಯನ್ನೂ ತೋರಿಸಿದರು. ಕೊನೆಗೆ ಚಾಲಕರೇ ನಡುವೆ ಬಂದು ಮರುದಿನ ಬೆಳಿಗ್ಗೆ ಮತ್ತೊಂದು ಸವಾರಿ ಮಾಡಿಸಿದರು. ಊಟಕ್ಕೆ ದೂರಿಲ್ಲ: ಸಜ್ಜೆ ರೊಟ್ಟಿ, ಕೇರ್ ಸಾಂಗ್ರಿ, ಬೆಳ್ಳುಳ್ಳಿ ಚಟ್ನಿ. ಸಾಂಗ್ರಿ ಎಂದರೆ ಬನ್ನಿಯ ಎಳೆಯ ಕಾಯಿ. ಮಾಂಗಣಿಯಾರ್ ಸಮುದಾಯದ ಗಾಯಕರೊಬ್ಬರು ಕಮಾಯಚಾ ಎಂಬ ತಂತಿವಾದ್ಯ ನುಡಿಸುತ್ತ ಧ್ವನಿವರ್ಧಕವಿಲ್ಲದೆ ಹಾಡಿದರು. ಕೇಳುತ್ತ ಕುಳಿತವರು ಆರು ಮಂದಿ. ರಾತ್ರಿಯ ತಾಪಮಾನ ಒಂದಂಕಿಗೆ ಇಳಿಯಿತು, ಕೊಟ್ಟ ರಜಾಯಿಗಳು ಸಾಕಾಗಲಿಲ್ಲ. ಡಿಸೆಂಬರಿನಲ್ಲಿ ಹೋಗುವವರು ಉಣ್ಣೆಯ ಟೋಪಿಯನ್ನೂ ಕಾಲುಚೀಲವನ್ನೂ ತಪ್ಪದೆ ಒಯ್ಯಬೇಕು.

ನಾಲ್ಕನೆಯ ದಿನದ, ಪಾಕಿಸ್ತಾನ ಗಡಿಯ ಬಳಿಯ ತನೋಟ್‌ನ ಯಾತ್ರೆಯೇ ಎಲ್ಲಕ್ಕಿಂತ ದೀರ್ಘವಾದದ್ದು, ಮತ್ತು ಚಾಲಕರ ಯೋಗ್ಯತೆ ತಿಳಿಯುವುದು ಇಂಥ ದಾರಿಯಲ್ಲೇ. ಜೈಸಲ್ಮೇರ್‌ನಿಂದ ರಾಮಗಢದ ಮೂಲಕ ಸುಮಾರು 120 ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ವಾಹನಗಳು ಕಡಿಮೆ. ಇದರಿಂದಲೇ ವೇಗ ಹೆಚ್ಚಿಸುವ ಆಸೆ ಹುಟ್ಟುತ್ತದೆ. ಆದರೆ ಗಾಳಿಗೆ ಹರಿದು ಬಂದ ಮರಳು ಟಾರಿನ ಮೇಲೆ ನಾಲಿಗೆಯಂತೆ ಚಾಚಿರುತ್ತದೆ, ಒಂಟೆಗಳು ಹೇಳದೆ ಕೇಳದೆ ರಸ್ತೆ ದಾಟುತ್ತವೆ. ನಮ್ಮ ಚಾಲಕರು ಒಮ್ಮೆಯೂ ಆತುರಪಡಲಿಲ್ಲ, ಜೈಸಲ್ಮೇರ್ ಬಿಡುವಾಗ ಟ್ಯಾಂಕ್ ತುಂಬಿಸಿಕೊಂಡರು, ಆರು ಗಂಟೆಯೊಳಗೆ ಕತ್ತಲಾಗುತ್ತದೆಂದು ಲೆಕ್ಕ ಹಾಕಿ ಮೂರೂವರೆಗೇ ಲೋಂಗೆವಾಲಾದಿಂದ ಹೊರಡಿಸಿದರು. ತನೋಟ್ ಮಾತೆಯ ಗುಡಿಯನ್ನು ಗಡಿ ಭದ್ರತಾ ಪಡೆಯೇ ನೋಡಿಕೊಳ್ಳುತ್ತದೆ. 1965ರ ಯುದ್ಧದಲ್ಲಿ ಸಿಡಿಯದೆ ಉಳಿದ ಶೆಲ್‌ಗಳನ್ನು ಅಲ್ಲಿ ಗಾಜಿನೊಳಗೆ ಇಟ್ಟಿದ್ದಾರೆ. ಲೋಂಗೆವಾಲಾದಲ್ಲಿ 1971ರ ಡಿಸೆಂಬರ್ 4ರ ರಾತ್ರಿ ನಮ್ಮ ಸುಮಾರು 120 ಸೈನಿಕರು ಪಾಕಿಸ್ತಾನದ ಟ್ಯಾಂಕುಗಳ ದಂಡನ್ನು ತಡೆದು ನಿಂತಿದ್ದರು. ಜೈಸಲ್ಮೇರ್‌ನಲ್ಲಿದ್ದ ವಾಯುಪಡೆಯ ಹಂಟರ್ ವಿಮಾನಗಳಿಗೆ ರಾತ್ರಿ ದಾಳಿಯ ಸಾಮರ್ಥ್ಯವಿರಲಿಲ್ಲವಾದ್ದರಿಂದ ಅವರು ಬೆಳಗಾಗುವವರೆಗೆ ಕಾಯಬೇಕಾಯಿತು. ನಾಲ್ಕೂ ದಿಕ್ಕಿನಲ್ಲಿ ಅಡಗಲು ಒಂದು ಗಿಡವೂ ಇಲ್ಲದ ಆ ಬಯಲಿನಲ್ಲಿ ನಿಂತಾಗ ಆ ರಾತ್ರಿ ಎಷ್ಟು ಉದ್ದವಿದ್ದಿರಬೇಕೆಂದು ಊಹಿಸಬಹುದು.

ಇದೇ ದಿನ ಸಂಸ್ಥೆಯ ಇನ್ನೊಂದು ತಪ್ಪೂ ಬೆಳಕಿಗೆ ಬಂತು. ‘ಗಡಿ ದರ್ಶನ’ ಎಂದು ಪಟ್ಟಿಯಲ್ಲಿ ಬರೆದಿದ್ದರು; ಆದರೆ ತನೋಟ್‌ನಿಂದ ಮುಂದೆ ಗಡಿಬೇಲಿಯ ಕಡೆಗೆ ಹೋಗಲು ಗಡಿ ಭದ್ರತಾ ಪಡೆಯ ಅನುಮತಿ ಬೇಕು, ಅದನ್ನು ಅವರು ಪಡೆದಿರಲೇ ಇಲ್ಲ. ನೀವು ಕಾದಿರಿಸುವ ಯಾವ ಸಂಸ್ಥೆಯೇ ಆಗಲಿ, ಅನುಮತಿಪತ್ರದ ಪ್ರತಿಯನ್ನು ಹೊರಡುವ ಮೊದಲೇ ಕೇಳಿ ನೋಡಿ.

ನಾವು ನೋಡಲಾಗದೆ ಉಳಿದದ್ದು ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಹಕ್ಕಿ. 3,162 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನ ಸಮ್ ಮತ್ತು ಖುರಿಯ ಮಗ್ಗುಲಲ್ಲೇ ಇದ್ದು, ಸಿರುಗುಪ್ಪದ ಕಡೆ ಬೆರಳೆಣಿಕೆಗೆ ಇಳಿದಿರುವ ಈ ಹಕ್ಕಿಯ ಕೊನೆಯ ದೊಡ್ಡ ನೆಲೆ ಇದೇ ಆಗಿದೆ. ಅದಕ್ಕೆ ಒಂದು ಪೂರ್ತಿ ಬೆಳಗು ಬೇಕಿತ್ತು. ಆರನೆಯ ದಿನವನ್ನು ಸೇರಿಸದೆ ಹೋದದ್ದು ಯೋಜನೆ ಬರೆದ ನನ್ನದೇ ತಪ್ಪು.

ಐದಕ್ಕೆ ಅಂಕ ಕೊಡುವುದಾದರೆ ಚಾಲಕರಿಗೆ ಐದು, ಕಾರಿಗೆ ನಾಲ್ಕು, ಕಚೇರಿಗೆ ಎರಡು. ಮುಂದಿನ ಸಲ ಅವರಿಂದ ಕಾರನ್ನು ಮಾತ್ರ ತೆಗೆದುಕೊಂಡು, ಡೇರೆಯವರೊಂದಿಗೆ ನಾನೇ ಮಾತಾಡಿ, ಒಂಟೆ ಸವಾರಿಯ ಅವಧಿಯನ್ನು ಬರವಣಿಗೆಯಲ್ಲಿ ಪಡೆಯುತ್ತೇನೆ. ಬಿಲ್ಲು ಮಾತ್ರ ಒಪ್ಪಿದ ಲೆಕ್ಕಕ್ಕೆ ಒಂದು ರೂಪಾಯಿಯೂ ಹೆಚ್ಚಿರಲಿಲ್ಲ, ಟೋಲ್ ರಸೀದಿಗಳನ್ನು ಪಿನ್ನು ಹಾಕಿ ಅದರ ಹಿಂದೆಯೇ ಲಗತ್ತಿಸಿದ್ದರು.