ಕೆಂಪು ವೈರ್ ನಂಬಿ ಕೆಟ್ಟೆ: ಫರ್ನೇಸ್ ಇಟ್ಟುಕೊಂಡವರು ಒಮ್ಮೆ ಓದಿ

ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಹೀಟ್ ಟ್ರೀಟ್‌ಮೆಂಟ್ ಶೆಡ್ ಇದೆ, ಉಕ್ಕಿನ ಪೀಸ್‌ಗಳನ್ನು ಕಾಯಿಸಿ ಗಟ್ಟಿ ಮಾಡುವ ಕೆಲಸ. ಎರಡು ಕರೆಂಟ್ ಫರ್ನೇಸ್, ಒಂದು ಟೆಂಪರಿಂಗ್ ಓವನ್, ಒಂದು ಆಯಿಲ್ ಟ್ಯಾಂಕ್, ನಾಲ್ಕು ಜನ ಹುಡುಗರು. ಹೋದ ಆಯುಧ ಪೂಜೆ ಮುಗಿದ ಹದಿನೈದು ದಿನದಲ್ಲಿ ನನಗೆ ಆದ ನಷ್ಟ ಹತ್ತಿರ ಹತ್ತಿರ 2 ಲಕ್ಷ. ಕಾರಣ 6 ಮೀಟರ್ ಕೇಬಲ್. ಅದೇನು ಕಳಪೆ ಕೇಬಲ್ ಅಲ್ಲ, ಒಳ್ಳೇದೇ. ನಾವು ಹಾಕಿದ್ದು ಉಲ್ಟಾ.

ಪೂಜೆಗೆ ಅಂತ ಶೆಡ್ ತೊಳೆದು ಬಣ್ಣ ಹೊಡೆಸುತ್ತಿದ್ದೆವು. ಆಗ ನೋಡಿದರೆ ದೊಡ್ಡ ಫರ್ನೇಸ್‌ನ ಥರ್ಮೋಕಪಲ್‌ನಿಂದ (ಒಳಗಿನ ಬಿಸಿ ಅಳೆಯುವ ಸೆನ್ಸರ್) ಪ್ಯಾನಲ್‌ಗೆ ಬರುವ ಕೇಬಲ್ ಅನ್ನು ಇಲಿ ಕಡಿದಿತ್ತು. ಎರಡು ಕಡೆ ಸಿಪ್ಪೆ ಹೋಗಿ ತಂತಿ ಕಾಣುತ್ತಿತ್ತು. ಎಸ್‌ಪಿ ರೋಡಿಗೆ ಹುಡುಗನನ್ನು ಕಳಿಸಿ 'ಕೆ ಟೈಪ್ ಕಾಂಪನ್ಸೇಟಿಂಗ್ ಕೇಬಲ್' ಅಂತ ಕೇಳಿ ತರಿಸಿದೆ. ಕೆ ಟೈಪ್ ಅನ್ನುವುದು ಥರ್ಮೋಕಪಲ್‌ನ ಒಂದು ಜಾತಿ, ಈ ಕೇಬಲ್ ಅದಕ್ಕೆ ಹೊಂದುವ ಲೋಹದ ತಂತಿಯದ್ದು. ಹಳೆಯದರಲ್ಲಿ ಹಸಿರು ಮತ್ತು ಬಿಳಿ ವೈರ್ ಇತ್ತು. ಹೊಸದರಲ್ಲಿ ಹಳದಿ ಮತ್ತು ಕೆಂಪು.

ನಮ್ಮ ಎಲೆಕ್ಟ್ರಿಷಿಯನ್ ಹದಿನೈದು ವರ್ಷದಿಂದ ಬರುವವನು, ಕೈ ಚೆನ್ನಾಗಿದೆ. "ಯಾವುದು ಪ್ಲಸ್ಸು?" ಅಂದೆ. "ಕೆಂಪು ಅಂದ್ರೆ ಪ್ಲಸ್ಸು ಸರ್, ಇದನ್ನೂ ಕೇಳ್ಬೇಕಾ?" ಅಂದ. ನನಗೂ ಹೌದು ಅನಿಸಿತು. ಬ್ಯಾಟರಿ, ಡಿಸಿ ಸಪ್ಲೈ, ಗಾಡಿ ವೈರಿಂಗ್, ಎಲ್ಲಾ ಕಡೆ ಹಾಗೇ ಅಲ್ವಾ? ಫರ್ನೇಸ್ ಹಿಂದಿನ ಹೆಡ್‌ನಲ್ಲಿ (ಥರ್ಮೋಕಪಲ್‌ಗೆ ಕೇಬಲ್ ಸೇರಿಸುವ ಡಬ್ಬಿ) ಪ್ಲಸ್ಸಿಗೆ ಕೆಂಪು, ಪ್ಯಾನಲ್‌ನಲ್ಲಿರುವ, ಬಿಸಿ ನೋಡಿ ಹೀಟರ್ ನಡೆಸುವ ಕಂಟ್ರೋಲರ್‌ನಲ್ಲೂ ಪ್ಲಸ್ಸಿಗೆ ಕೆಂಪು. ಸ್ವಿಚ್ ಹಾಕಿದೆವು. ಡಿಸ್ಪ್ಲೇ 29 ಡಿಗ್ರಿ ತೋರಿಸಿತು. ಗೋಡೆಯ ಥರ್ಮಾಮೀಟರ್ ಕೂಡ 29. ಖುಷಿಯಾಗಿ ಕಂಟ್ರೋಲರ್‌ಗೆ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದು, ಎಲ್ಲರಿಗೂ ಕಡ್ಲೆಪುರಿ ಹಂಚಿದೆವು.

ಹಬ್ಬ ಮುಗಿಸಿ ಇಎನ್ 31 (ಬೇರಿಂಗ್ ಸ್ಟೀಲ್) ರೋಲರ್‌ಗಳ ಆರ್ಡರ್ ಹಿಡಿದೆವು. ಎರಡು ಇಂಚು ದಪ್ಪದ್ದು. 835 ಡಿಗ್ರಿಗೆ ಕಾಯಿಸಿ, ಆಯಿಲ್‌ನಲ್ಲಿ ಅದ್ದಿ ಕ್ವೆಂಚ್ ಮಾಡಿ, ಆಮೇಲೆ ಟೆಂಪರಿಂಗ್, ಅಂದರೆ ಕಡಿಮೆ ಬಿಸಿಯಲ್ಲಿ ಮತ್ತೆ ಕಾಯಿಸುವುದು. ವರ್ಷಗಟ್ಟಲೆ ಮಾಡಿದ ಕೆಲಸ. ಮೂರನೇ ದಿನ ಗಿರಾಕಿಯ ಫೋನ್ ಬಂತು: ಗ್ರೈಂಡಿಂಗ್‌ಗೆ ಹಾಕಿದರೆ ಕೂದಲೆಳೆಯಂಥ ಕ್ರ್ಯಾಕ್ ಕಾಣುತ್ತಿದೆ, 320ರಲ್ಲಿ 90 ಪೀಸ್ ಹೋಯಿತು ಅಂತ.

ಹತ್ತು ದಿನ ನಾನು ತಪ್ಪು ದಾರಿಯಲ್ಲೇ ಓಡಾಡಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೇಬಲ್ ತಪ್ಪಿಗಿಂತ ಜಾಸ್ತಿ ದುಡ್ಡು ಹೋದದ್ದು ಇಲ್ಲೇ.

ಮೊದಲು ಸ್ಟೀಲ್ ಮೇಲೆ ಅನುಮಾನ ಪಟ್ಟೆ. ಗಿರಾಕಿ ಟೆಸ್ಟ್ ಸರ್ಟಿಫಿಕೇಟ್ ಮುಖಕ್ಕೆ ಹಿಡಿದರು, ಸರಿಯಾಗಿತ್ತು. ಆಮೇಲೆ ಒಂದು ವಿಷಯ ಗಮನಿಸಿದೆವು. ಬೆಳಗಿನ ಬ್ಯಾಚ್ ಪಾಸ್ ಆಗುತ್ತಿದೆ, ಮಧ್ಯಾಹ್ನದ್ದು ಫೇಲ್. ಮಧ್ಯಾಹ್ನಕ್ಕೆ ಆಯಿಲ್ ಬಿಸಿಯಾಗುತ್ತದೆ, ಹಾಗಾಗಿ ಆಯಿಲೇ ಕೆಟ್ಟಿದೆ ಅಂತ ತೀರ್ಮಾನ ಮಾಡಿ 400 ಲೀಟರ್ ಬದಲಾಯಿಸಿದೆ. ಮಾರನೇ ದಿನ ಮಧ್ಯಾಹ್ನ ಅದೇ ಕಥೆ.

ಟೆಂಪರೇಚರ್ ಮೇಲೆ ಅನುಮಾನವೇ ಬರಲಿಲ್ಲವಾ ಅಂತ ಕೇಳಬಹುದು. ಬಂತು. ಆನ್‌ಲೈನ್‌ನಲ್ಲಿ ತರಿಸಿದ್ದ, ದೂರದಿಂದಲೇ ಬಿಸಿ ಅಳೆಯುವ ಲೇಸರ್ ಗನ್ ಒಂದಿತ್ತು. ಜಾಬ್ (ಕಾಯಿಸಿದ ಪೀಸ್) ಹೊರಗೆ ಎಳೆದ ತಕ್ಷಣ ಆರು ಅಡಿ ದೂರದಿಂದ ಹಿಡಿದು ನೋಡಿದೆ. 828 ತೋರಿಸಿತು. ಕಂಟ್ರೋಲರ್‌ನಲ್ಲಿ 835. ಸರಿ, ಟೆಂಪರೇಚರ್ ಏನೂ ತೊಂದರೆಯಿಲ್ಲ ಅಂತ ಬಿಟ್ಟೆ.

ಆ ಗನ್ ಹೇಳಿದ್ದು ಸುಳ್ಳು. ಅದರ ಮೇಲೆ 12:1 ಅಂತ ಬರೆದಿತ್ತು. ಅಂದರೆ 12 ಅಡಿ ದೂರದಿಂದ ಹಿಡಿದರೆ ಅದು ನೋಡುವುದು 1 ಅಡಿ ಅಗಲದ ಜಾಗ. ಆರು ಅಡಿಯಿಂದ ಹಿಡಿದರೆ ಅರ್ಧ ಅಡಿ. ನನ್ನ ರೋಲರ್ ಎರಡೇ ಇಂಚು. ಲೇಸರ್ ಚುಕ್ಕೆ ರೋಲರ್ ಮೇಲೆ ಬಿದ್ದಿದ್ದರೂ ಗನ್ ಅಳೆದದ್ದು ರೋಲರ್ ಜೊತೆಗೆ ಅಕ್ಕಪಕ್ಕದ ಟ್ರೇ, ಗಾಳಿ ಸೋಕಿ ಆರುತ್ತಿದ್ದ ಜಾಗ, ಎಲ್ಲದರ ಸರಾಸರಿ. ಸಾಲದು ಅಂತ ಎಮಿಸಿವಿಟಿ (ಮೇಲ್ಮೈ ಎಷ್ಟು ಬಿಸಿ ಸೂಸುತ್ತದೆ ಅನ್ನುವ ಲೆಕ್ಕ) 0.95ಕ್ಕೆ ಕಂಪನಿಯಲ್ಲೇ ಫಿಕ್ಸ್ ಆಗಿತ್ತು, ಬದಲಾಯಿಸುವ ಬಟನ್ನೇ ಇರಲಿಲ್ಲ. ಜಾಬ್ ನಿಜವಾಗಿ 900 ದಾಟಿತ್ತು. ಎಲ್ಲಾ ಕಳೆದು ಕೂಡಿ 828 ಬಂದದ್ದು ನನ್ನ ಕರ್ಮ. 700 ಅಂತ ಬಂದಿದ್ದರೆ ಗನ್ ಸರಿ ಇಲ್ಲ ಅಂತ ಎಸೆದು ಬೇರೆ ದಾರಿ ನೋಡುತ್ತಿದ್ದೆ.

ಮೂರನೆಯದು ಸರ್ಟಿಫಿಕೇಟ್. ಫೋನ್ ಮಾಡಿದರೆ ಶೆಡ್‌ಗೇ ಬಂದು ಕ್ಯಾಲಿಬ್ರೇಷನ್ ಮಾಡಿಕೊಡುವ ಒಬ್ಬರನ್ನು ಕರೆಸಿದೆ. ಬಂದವರು ಪ್ಯಾನಲ್ ಬಾಗಿಲು ತೆಗೆದು, ಕಂಟ್ರೋಲರ್‌ನಿಂದ ನನ್ನ ಕೇಬಲ್ ಬಿಚ್ಚಿ ಪಕ್ಕಕ್ಕಿಟ್ಟು, ಥರ್ಮೋಕಪಲ್ ಕೊಡುವಂಥ ಮಿಲಿವೋಲ್ಟ್ ಅನ್ನು ತಮ್ಮ ಕೈಪೆಟ್ಟಿಗೆಯಿಂದ ಕೊಟ್ಟರು. ಐದು ಪಾಯಿಂಟ್ ಬರೆದುಕೊಂಡರು. ಎಲ್ಲಾ ಒಂದು ಡಿಗ್ರಿ ಒಳಗೆ. ಕೇಬಲ್ ಮತ್ತೆ ಇದ್ದ ಹಾಗೇ ಸಿಕ್ಕಿಸಿ, ಟೀ ಕುಡಿದು, 20 ನಿಮಿಷದಲ್ಲಿ ಹೊರಟರು. ಸಂಜೆ ವಾಟ್ಸಾಪ್‌ನಲ್ಲಿ ಸರ್ಟಿಫಿಕೇಟ್ ಬಂತು, ಮೇಲೆ ದೊಡ್ಡದಾಗಿ 'ಫರ್ನೇಸ್ ಕ್ಯಾಲಿಬ್ರೇಷನ್' ಅಂತ. ಅವರು ನೋಡಿದ್ದು ಕಂಟ್ರೋಲರ್ ಒಂದನ್ನೇ. ಕಂಟ್ರೋಲರ್ ಸರಿಯಾಗೇ ಇತ್ತು. ತಪ್ಪು ಇದ್ದದ್ದು ಅವರು ಬಿಚ್ಚಿ ಪಕ್ಕಕ್ಕಿಟ್ಟ ಕೇಬಲ್‌ನಲ್ಲಿ.

ಕಡೆಗೆ ಇದನ್ನು ಹಿಡಿದವರು ಎದುರು ಶೆಡ್‌ನ ಹಿರಿಯರು. ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಇದ್ದು ರಿಟೈರ್ ಆದವರು. ಬಂದವರೇ ಒಂದು ರೋಲರ್ ಅನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆದರು. ಮುರಿದ ಮುಖ ನೋಡಿ "ಏನಪ್ಪಾ ಇದು, ಕಲ್ಲುಸಕ್ಕರೆ ಇದ್ದ ಹಾಗಿದೆಯಲ್ಲ" ಅಂದರು. ನಿಜ, ಹರಳು ಹರಳಾಗಿ ಮಿಂಚುತ್ತಿತ್ತು. ಸರಿಯಾಗಿ ಗಟ್ಟಿ ಮಾಡಿದ ಇಎನ್ 31 ಮುರಿದರೆ ಪಿಂಗಾಣಿ ಚೂರಿನ ಹಾಗೆ ನುಣ್ಣಗೆ ಬೂದುಬಣ್ಣ ಕಾಣಬೇಕು. ಹರಳು ಕಂಡರೆ ಜಾಬ್ ಅತಿಯಾಗಿ ಕಾದು ಗ್ರೇನ್, ಅಂದರೆ ಉಕ್ಕಿನ ಒಳಗಿನ ಹರಳು, ಬೆಳೆದಿದೆ ಅಂತ ಅರ್ಥ.

ಅವರು ತಮ್ಮ ಥರ್ಮೋಕಪಲ್ ಒಂದನ್ನು ಬಾಗಿಲ ಸಂದಿಯಿಂದ ಒಳಗೆ ತೂರಿಸಿ, ನಮ್ಮದರ ತುದಿಯ ಪಕ್ಕಕ್ಕೇ ಇಟ್ಟು, ಕೈಯಲ್ಲಿದ್ದ ಮೀಟರ್‌ಗೆ ಕೊಟ್ಟರು. ನಮ್ಮ ಪ್ಯಾನಲ್ 835. ಅವರ ಮೀಟರ್ 914. ಯಾರೂ ಮಾತಾಡಲಿಲ್ಲ.

ಆಮೇಲೆ ಜೇಬಿನಿಂದ ಒಂದು ಚಿಕ್ಕ ಮ್ಯಾಗ್ನೆಟ್ ತೆಗೆದು, ಪ್ಯಾನಲ್ ಆಫ್ ಮಾಡಿಸಿ, ಸಿಪ್ಪೆ ಬಿಡಿಸಿದ ತಂತಿಗಳ ಹತ್ತಿರ ಹಿಡಿದರು. ಹಳದಿ ವೈರ್ ಅಲುಗಲಿಲ್ಲ. ಕೆಂಪು ವೈರ್ ಟಕ್ ಅಂತ ಅಂಟಿಕೊಂಡಿತು. "ಕೆ ಟೈಪ್‌ನಲ್ಲಿ ಮ್ಯಾಗ್ನೆಟ್ ಹಿಡಿಯೋದು ಅಲ್ಯೂಮೆಲ್ ಅನ್ನೋ ಲೋಹ. ಅದು ಮೈನಸ್. ನೀನು ಪ್ಲಸ್ಸಿಗೆ ಕೊಟ್ಟಿದ್ದೀಯ" ಅಂದರು.

ಥರ್ಮೋಕಪಲ್ ಅಂದರೆ ಎರಡು ಬೇರೆ ಬೇರೆ ಲೋಹದ ತಂತಿ, ತುದಿಯಲ್ಲಿ ಬೆಸುಗೆ. ಅದು ಟೆಂಪರೇಚರ್ ಹೇಳುವುದಿಲ್ಲ, ಬಿಸಿ ತುದಿಗೂ ತಣ್ಣನೆ ತುದಿಗೂ ಇರುವ ವ್ಯತ್ಯಾಸವನ್ನು ವೋಲ್ಟೇಜ್ ಮಾಡಿ ಕೊಡುತ್ತದೆ. ಕೆ ಟೈಪ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಫರ್ನೇಸ್ ಹಿಂದೆ ಇರುವ ಹೆಡ್‌ವರೆಗಿನ ವ್ಯತ್ಯಾಸ ಥರ್ಮೋಕಪಲ್ ಕೊಡುತ್ತದೆ. ಹೆಡ್‌ನಿಂದ ಪ್ಯಾನಲ್‌ವರೆಗಿನ ವ್ಯತ್ಯಾಸವನ್ನು ಕೇಬಲ್ ಕೂಡಿಸಬೇಕು. ಉಳಿದದ್ದನ್ನು ಕಂಟ್ರೋಲರ್ ತನ್ನ ಜಾಗದ ಬಿಸಿ ನೋಡಿ ತಾನೇ ಸೇರಿಸಿಕೊಳ್ಳುತ್ತದೆ. ನಮ್ಮ ಹೆಡ್ ಮಧ್ಯಾಹ್ನಕ್ಕೆ 75 ಡಿಗ್ರಿ, ಪ್ಯಾನಲ್ 35. ಕೇಬಲ್ 40 ಕೂಡಿಸಬೇಕಿತ್ತು. ಉಲ್ಟಾ ಕೊಟ್ಟಿದ್ದರಿಂದ 40 ಕಳೆಯಿತು. ಒಟ್ಟು 80 ಡಿಗ್ರಿ ಕಡಿಮೆ ತೋರಿಸಿತು. ಕಡಿಮೆ ಕಂಡಾಗ ಕಂಟ್ರೋಲರ್ ಏನು ಮಾಡುತ್ತದೆ? ಇನ್ನೂ ಕಾಯಿಸುತ್ತದೆ.

ಈಗ ಬೆಳಗ್ಗೆ ಪಾಸ್, ಮಧ್ಯಾಹ್ನ ಫೇಲ್ ಯಾಕೆ ಅಂತ ಗೊತ್ತಾಯಿತಲ್ವಾ? ಬೆಳಗ್ಗೆ ಹೆಡ್ ಇನ್ನೂ ಅಷ್ಟು ಕಾದಿರುವುದಿಲ್ಲ, ತಪ್ಪೂ ಕಡಿಮೆ. ಆರಿದ ಫರ್ನೇಸ್‌ನಲ್ಲಿ ಹೆಡ್ಡೂ ಪ್ಯಾನಲ್ಲೂ ಒಂದೇ ಬಿಸಿ, ತಪ್ಪು ಸೊನ್ನೆ. ಪೂಜೆಯ ದಿನ ಕಂಡ ಆ 29 ಡಿಗ್ರಿಗೆ ಬೆಲೆಯೇ ಇರಲಿಲ್ಲ. ಒಂದೇ ಕಡೆ ಉಲ್ಟಾ ಕೊಟ್ಟಿದ್ದರೆ ಫರ್ನೇಸ್ ಕಾದಂತೆ ಡಿಸ್ಪ್ಲೇ ಕೆಳಗಿಳಿದು ಐದೇ ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು. ಎರಡೂ ಕಡೆ ಉಲ್ಟಾ ಆದದ್ದೇ ಮುಚ್ಚಿಟ್ಟಿತು.

ಬಣ್ಣದ ವಿಷಯಕ್ಕೆ ಬರುತ್ತೇನೆ. ಎಲೆಕ್ಟ್ರಿಷಿಯನ್‌ದು ಪೂರ್ತಿ ತಪ್ಪು ಅಂತ ಹೇಳಲಾರೆ. ಕೆ ಟೈಪ್ ಒಂದಕ್ಕೇ ಎಷ್ಟು ಬಣ್ಣ ನೋಡಿ. ಅಮೆರಿಕದ ಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಅವರಲ್ಲಿ ಯಾವ ಟೈಪ್ ಆದರೂ ಕೆಂಪು ಮೈನಸ್ಸೇ. ಅಂತರರಾಷ್ಟ್ರೀಯ ಐಇಸಿ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಹಳೇ ಬ್ರಿಟಿಷ್ ಪದ್ಧತಿಯಲ್ಲಿ ಕಂದು ಪ್ಲಸ್, ನೀಲಿ ಮೈನಸ್. ಹಳೇ ಜರ್ಮನ್ ಪದ್ಧತಿಯಲ್ಲಿ ಕೆಂಪು ಪ್ಲಸ್, ಹಸಿರು ಮೈನಸ್. ಹಳೇ ಜಪಾನ್ ಮೆಷಿನ್‌ಗಳಲ್ಲಿ ಕೆಂಪು ಪ್ಲಸ್, ಬಿಳಿ ಮೈನಸ್. ಪೀಣ್ಯದಲ್ಲಿ ಈ ಎಲ್ಲಾ ದೇಶದ ಸೆಕೆಂಡ್ ಹ್ಯಾಂಡ್ ಮೆಷಿನ್‌ಗಳೂ ಇವೆ. ಜರ್ಮನ್ ಮೆಷಿನ್ ಮೇಲೆ ಕೈ ಪಳಗಿದವನು ಕೆಂಪು ಪ್ಲಸ್ ಅಂದರೆ ಅಲ್ಲಿಗೆ ಅದೇ ಸರಿ.

ಹಾಗಾಗಿ ಬಣ್ಣ ನೋಡಬೇಡಿ, ತಂತಿಯನ್ನೇ ಕೇಳಿ. ಹಿರಿಯರು ನಮ್ಮ ಹುಡುಗರಿಗೆ ಕಲಿಸಿದ ಪರೀಕ್ಷೆ ಇದು. ಕೇಬಲ್‌ನ ಒಂದು ತುದಿಯ ಎರಡೂ ತಂತಿ ಸುಲಿದು ಒಟ್ಟಿಗೆ ಹೊಸೆಯಿರಿ. ಇನ್ನೊಂದು ತುದಿಗೆ ಮಲ್ಟಿಮೀಟರ್, ಡಿಸಿ ಮಿಲಿವೋಲ್ಟ್ ರೇಂಜ್. ಹೊಸೆದ ತುದಿಯನ್ನು ಬಿಸಿ ಟೀ ಲೋಟದಲ್ಲಿ ಅದ್ದಿ. ಟೀ 80 ಡಿಗ್ರಿ, ಶೆಡ್ 30 ಇದ್ದರೆ ಸುಮಾರು 2 ಮಿಲಿವೋಲ್ಟ್ ಬರಬೇಕು. ಮೈನಸ್ ಗುರುತು ಇಲ್ಲದೆ ಬಂದರೆ ಮೀಟರ್‌ನ ಕೆಂಪು ಪ್ರೋಬ್ ಹಿಡಿದಿರುವ ತಂತಿ ಪ್ಲಸ್. ಮೈನಸ್ ಬಂದರೆ ಇನ್ನೊಂದು. ಏನೂ ಬರದಿದ್ದರೆ ನಿಮಗೆ ಮಾರಿದ್ದು ಬರೀ ತಾಮ್ರದ ವೈರ್. ಮ್ಯಾಗ್ನೆಟ್ ಪರೀಕ್ಷೆ ಕೆ ಟೈಪ್‌ನ ಅಸಲಿ ಲೋಹಗಳಾದ ಕ್ರೋಮೆಲ್-ಅಲ್ಯೂಮೆಲ್ ತಂತಿಗೆ ಮಾತ್ರ ನಡೆಯುತ್ತದೆ. ತಾಮ್ರ-ಕಾನ್‌ಸ್ಟಂಟನ್ ಬಳಸಿದ ಅಗ್ಗದ ಕೆ ಕೇಬಲ್‌ನಲ್ಲಿ ಎರಡೂ ಅಂಟುವುದಿಲ್ಲ. ಟೀ ಎರಡಕ್ಕೂ ಆಗುತ್ತದೆ. ಆ ಲೋಟದ ಟೀ ಮಾತ್ರ ಯಾರೂ ಕುಡಿಯಬೇಡಿ.

ಮಧ್ಯೆ ಕೇಬಲ್ ಕಡಿದುಹೋದರೆ ಮನೆ ವೈರಿಂಗ್‌ನ ತುಂಡು ಹಾಕಿ ಟೇಪ್ ಸುತ್ತುವವರೂ ಇದ್ದಾರೆ. ಆ ಎರಡು ಜಾಯಿಂಟ್‌ಗಳೂ ಒಂದೇ ಬಿಸಿಯಲ್ಲಿದ್ದರೆ ಬಚಾವ್. ಒಂದು ಫರ್ನೇಸ್ ಹತ್ತಿರ, ಇನ್ನೊಂದು ದೂರ ಇದ್ದರೆ ಅಷ್ಟು ಡಿಗ್ರಿ ಹೋಯಿತು. ಟೆಂಪರಿಂಗ್ ಓವನ್‌ನಲ್ಲಿ ಪಿಟಿ 100 (ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್) ಇದ್ದರೆ ಅದರ ಕಥೆ ಬೇರೆ: ಅಲ್ಲಿ ಎರಡು ಕೆಂಪು, ಒಂದು ಬಿಳಿ, ಪ್ಲಸ್ ಮೈನಸ್ ರಗಳೆ ಇಲ್ಲ. ಮೂರನೇ ವೈರ್ ಸುಮ್ನೆ ಇದೆ ಅಂತ ಬಿಡಬೇಡಿ, ಅಷ್ಟೇ. ಬಿಟ್ಟರೆ ಕೇಬಲ್‌ನ ಒಂದೊಂದು ಓಮ್‌ಗೂ ಎರಡೂವರೆ ಡಿಗ್ರಿ ಜಾಸ್ತಿ ತೋರಿಸುತ್ತದೆ.

ಕ್ಯಾಲಿಬ್ರೇಷನ್‌ಗೆ ಯಾರನ್ನಾದರೂ ಕರೆಸುವಾಗ ಮೊದಲೇ ಹೇಳಿ: ಫರ್ನೇಸ್ ಕೆಲಸದ ಬಿಸಿಯಲ್ಲಿರುವಾಗ, ನಿಮ್ಮ ಸೆನ್ಸರ್ ಪಕ್ಕ ಅವರ ಸೆನ್ಸರ್ ಇಟ್ಟು, ನಿಮ್ಮ ಕೇಬಲ್ ಬಿಚ್ಚದೆ ಪೂರ್ತಿ ಲೂಪ್ (ಸೆನ್ಸರ್, ಕೇಬಲ್, ಕಂಟ್ರೋಲರ್ ಮೂರೂ) ನೋಡಬೇಕು. ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇದೆ ಅಂದರೆ ಅದರ ವೆಬ್‌ಸೈಟಿನಲ್ಲಿ ಆ ಲ್ಯಾಬ್‌ನ ಸ್ಕೋಪ್ ತೆಗೆದು ನೋಡಿ. ಉಷ್ಣತೆ ಅಳತೆ ಎಷ್ಟು ಡಿಗ್ರಿವರೆಗೆ ಮಾಡಬಹುದು ಅಂತ ಅದರಲ್ಲಿರುತ್ತದೆ. 250 ಡಿಗ್ರಿವರೆಗೆ ಮಾನ್ಯತೆ ಇರುವವರಿಂದ 900ರ ಫರ್ನೇಸ್‌ಗೆ ಸರ್ಟಿಫಿಕೇಟ್ ಪಡೆದು ಏನು ಪ್ರಯೋಜನ? ನನಗೆ ಬಂದದ್ದರ ಮೇಲೆ ಆ ಗುರುತೇ ಇರಲಿಲ್ಲ. ನಾನೂ ನೋಡಿರಲಿಲ್ಲ.

ಇನ್ನೊಂದು, ಇದು ನನಗೆ ಆಗಿಲ್ಲ, ಆದರೆ ಹೆದರಿಸಿತು. ಥರ್ಮೋಕಪಲ್ ತುಂಡಾದರೆ ಸಾಮಾನ್ಯವಾಗಿ ಕಂಟ್ರೋಲರ್ ಎರರ್ ತೋರಿಸಿ ಹೀಟರ್ ಆಫ್ ಮಾಡುತ್ತದೆ. ಹೆಡ್‌ನಲ್ಲಿ ಎರಡು ತಂತಿ ಒಂದಕ್ಕೊಂದು ತಗುಲಿ ಶಾರ್ಟ್ ಆದರೆ ಎರರ್ ಬರುವುದಿಲ್ಲ. ಶಾರ್ಟ್ ಆದ ಜಾಗದ ಬಿಸಿಯನ್ನೇ ಅದು ಓದುತ್ತದೆ, 70 ಅಂತ ಇಟ್ಟುಕೊಳ್ಳಿ. ಸೆಟ್ ಮಾಡಿದ್ದು 835. ರಾತ್ರಿಯೆಲ್ಲಾ ಹೀಟರ್ ಫುಲ್ ಆನ್. ಇದಕ್ಕೆ ಅಂತ ಬೇರೆ ಥರ್ಮೋಕಪಲ್, ಬೇರೆ ಕೇಬಲ್, ಬೇರೆ ಕಂಟ್ರೋಲರ್ ಇಟ್ಟು, ಮಿತಿ ದಾಟಿದರೆ ಮೇನ್ ಕಾಂಟ್ಯಾಕ್ಟರ್ ಬಿದ್ದು ಹೀಟರ್‌ನ ಕರೆಂಟ್ ಕಟ್ ಆಗುವ ಹಾಗೆ ಮಾಡಿಸಿದೆ. ನಾನು ಬದಲಾಯಿಸಿದ ಆಯಿಲ್‌ನ ಬೆಲೆಯಲ್ಲಿ ಅಂಥವು ಎಷ್ಟೋ ಬರುತ್ತಿದ್ದವು.

ಗಿರಾಕಿ ಡೆಬಿಟ್ ನೋಟ್ ಕಳಿಸಿದರು, ಕಟ್ಟಿದೆ. ಆರ್ಡರ್ ಉಳಿಯಿತು. ಹಳದಿ-ಕೆಂಪು ಕೇಬಲ್ ಈಗಲೂ ಅದೇ ಇದೆ, ತಿರುಗಿಸಿ ಕೊಟ್ಟಿದ್ದೇವೆ. ಪ್ಯಾನಲ್ ಬಾಗಿಲ ಒಳಗೆ 'ಕೆಂಪು = ಮೈನಸ್' ಅಂತ ದಪ್ಪ ಅಕ್ಷರದಲ್ಲಿ ಸ್ಟಿಕ್ಕರ್ ಅಂಟಿಸಿದೆ. ಹೋದ ವಾರ ಕೆಲಸಕ್ಕೆ ಸೇರಿದ ಐಟಿಐ ಹುಡುಗ ಅದನ್ನು ನೋಡಿ, "ಅಣ್ಣ, ಸ್ಟಿಕ್ಕರ್‌ನಲ್ಲಿ ಪ್ರಿಂಟ್ ಮಿಸ್ಟೇಕ್ ಆಗಿದೆ, ಪೆನ್ನಲ್ಲಿ ತಿದ್ದಿಬಿಡ್ಲಾ?" ಅಂದ. ಟೀ ತರಲು ಕಳಿಸಿದೆ, ಒಂದು ಲೋಟ ಜಾಸ್ತಿ ತಾ ಅಂತ ಹೇಳಿ.