ಶಿಡ್ಲಘಟ್ಟದ ರೇಷ್ಮೆ ಘಟಕದಲ್ಲಿ ಸೌರ ಫಲಕ, ಲಿಥಿಯಂ ಬ್ಯಾಟರಿ: ಮೂರು ವರ್ಷದ ಬಳಕೆಯ ನಂತರ

ಶಿಡ್ಲಘಟ್ಟದಲ್ಲಿ ನಮ್ಮದು ನೂಲು ಬಿಚ್ಚಾಣಿಕೆಯ ಸಣ್ಣ ಘಟಕ. 2022ರ ಕೊನೆಯಲ್ಲಿ ಛಾವಣಿಗೆ 5 ಕಿಲೋವ್ಯಾಟ್ ಸೌರ ಫಲಕ, ಒಳಗೆ ಫಲಕ, ಬ್ಯಾಟರಿ, ಲೈನ್ ಮೂರನ್ನೂ ನಿಭಾಯಿಸುವ 5 ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರ್, ಜೊತೆಗೆ ತಲಾ 5.12 ಯೂನಿಟ್ ಹಿಡಿಯುವ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದೆವು. ಬ್ಯಾಟರಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಹಾಕಿಕೊಟ್ಟವರ ಸೇವೆಗೆ ಎರಡು. ಬಿಲ್ ಉಳಿಸುವುದಷ್ಟೇ ನಿಮ್ಮ ಗುರಿಯಾದರೆ ಫಲಕ ಸಾಕು, ಬ್ಯಾಟರಿ ಬೇಡ. ಕರೆಂಟ್ ಹೋದರೂ ಯಂತ್ರ ನಿಲ್ಲಬಾರದು ಎನ್ನುವವರು ಮುಂದೆ ಓದಿ.

ನಮ್ಮ ಕಸುಬಿನಲ್ಲಿ ಕರೆಂಟ್ ಹೋಗುವುದೆಂದರೆ ದೀಪ ಆರುವಷ್ಟು ಸಣ್ಣ ವಿಷಯವಲ್ಲ. ಒಲೆ ಸೌದೆಯದು, ಮೋಟಾರ್ ನಿಂತರೂ ಬೇಸಿನ್ನಿನ ನೀರು ಕಾಯುತ್ತಲೇ ಇರುತ್ತದೆ. ಗೂಡು ಅತಿಯಾಗಿ ಬೆಂದು ಎಳೆ ಮತ್ತೆ ಮತ್ತೆ ತುಂಡಾಗುತ್ತದೆ. ನೂಲಾಗಬೇಕಾದದ್ದು ಜುಟ್ಟಿನ, ಅಂದರೆ ರೇಷ್ಮೆ ತ್ಯಾಜ್ಯದ, ರಾಶಿಗೆ ಸೇರುತ್ತದೆ. ಕೆಲಸದ ಹೆಣ್ಣುಮಕ್ಕಳ ಅರ್ಧ ದಿನ ವ್ಯರ್ಥ. ನಮ್ಮ ಬೀದಿಯಲ್ಲೇ ಒಬ್ಬರು ಬ್ಯಾಟರಿಯಿಲ್ಲದ ಸೌರ ವ್ಯವಸ್ಥೆ ಹಾಕಿಸಿದ್ದಾರೆ. ನೆತ್ತಿ ಸುಡುವ ಮಧ್ಯಾಹ್ನ ಲೈನ್ ಹೋದರೆ ಅವರ ಫಲಕವೂ ಸ್ತಬ್ಧ. ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ಯಾರದೋ ಮನೆಯ ಸೌರ ವಿದ್ಯುತ್ ತಗುಲಬಾರದೆಂದು ಅಂಥ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ಅದು ಹಾಗೆಯೇ ಇರಬೇಕು. ಆದರೆ ಮಾರುವಾಗ ಈ ಮಾತನ್ನು ಗ್ರಾಹಕರಿಗೆ ಬಿಡಿಸಿ ಹೇಳದಿರುವುದು ತಪ್ಪು.

ಮೊದಲ ತಿಂಗಳು ನಮಗೂ ನೆಮ್ಮದಿಯಿರಲಿಲ್ಲ. ನಮ್ಮದು 2 ಎಚ್‌ಪಿ ಮೋಟಾರ್, ಓಡುವಾಗ ಎಳೆಯುವುದು ಒಂದೂವರೆ ಕಿಲೋವ್ಯಾಟ್‌ನ ಆಸುಪಾಸು. ಆದರೆ ನಿಂತಿದ್ದ ಮೋಟಾರ್ ಹೊರಡುವ ಕ್ಷಣದಲ್ಲಿ ಅದರ ಹಲವು ಪಟ್ಟು ಕರೆಂಟ್ ಬೇಡುತ್ತದೆ. ಸ್ವಿಚ್ ಒತ್ತಿದೊಡನೆ ಮೋಟಾರ್ ಒಮ್ಮೆ ಗುಂಯ್ ಎಂದು ನರಳುತ್ತಿತ್ತು, ಇನ್ವರ್ಟರ್‌ನ ಕೆಂಪು ದೀಪ ಹತ್ತಿ ಎಲ್ಲವೂ ಬಂದ್. ಇನ್ನೂ ದೊಡ್ಡ ಇನ್ವರ್ಟರ್ ಕೊಳ್ಳಿ ಎಂದರು ಅಂಗಡಿಯವರು. ಇಲ್ಲಿನ ಮೋಟಾರ್ ರಿವೈಂಡಿಂಗ್ ಮೇಸ್ತ್ರಿ ಕೊಟ್ಟ ಸಲಹೆ ಬೇರೆ: ಸಿಂಗಲ್ ಫೇಸ್ ಮೋಟಾರ್ ತೆಗೆದು ತ್ರೀ ಫೇಸ್ ಮೋಟಾರ್ ಕೂರಿಸಿ, ನಡುವೆ ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ ವಿ.ಎಫ್.ಡಿ. (ಮೋಟಾರ್‌ನ ವೇಗ ನಿಯಂತ್ರಿಸುವ ಸಾಧನ) ಹಾಕಿ ಎಂದರು. ಈಗ ಮೋಟಾರ್ ಸೊನ್ನೆಯಿಂದ ನಿಧಾನವಾಗಿ ವೇಗ ಹಿಡಿಯುತ್ತದೆ. ಇನ್ವರ್ಟರ್ ತಕರಾರು ಎತ್ತುವುದಿಲ್ಲ. ಹೊರಡುವಾಗಿನ ಜಗ್ಗಾಟಕ್ಕೆ ಎಳೆ ಕಡಿಯುವುದೂ ತಪ್ಪಿತು. ಇಡೀ ವ್ಯವಸ್ಥೆಯಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ಇದೇ.

ಎರಡನೆಯ ತೊಂದರೆ ಶಾಖದ್ದು. ಹಾಕಿಕೊಟ್ಟವರು ವೈರ್ ಉಳಿಸಲು ಬ್ಯಾಟರಿಗಳನ್ನು ಒಲೆಯ ಹಿಂದಿನ ಗೋಡೆಗೇ ತಗುಲಿಸಿ ಹೋಗಿದ್ದರು. ಏಪ್ರಿಲ್‌ನಲ್ಲಿ ಸೆಲ್‌ಗಳ ತಾಪ 50 ಡಿಗ್ರಿ ದಾಟಿ, ಒಳಗಿನ ರಕ್ಷಣಾ ಸರ್ಕ್ಯೂಟ್ ಚಾರ್ಜ್ ಆಗುವುದನ್ನೇ ತಡೆಯತೊಡಗಿತು. ಹಬೆಯ ತೇವಕ್ಕೆ ಟರ್ಮಿನಲ್‌ಗಳಲ್ಲಿ ಹಸಿರು ಕಿಲುಬು ಬೇರೆ. ಫೋನ್ ಮಾಡಿ ಮಾಡಿ ಸಾಕಾಗಿ ಕೊನೆಗೆ ನಾವೇ ಸ್ಥಳೀಯ ಎಲೆಕ್ಟ್ರಿಷಿಯನ್‌ರಿಂದ ಅವನ್ನು ಗೂಡು ಇಡುವ ಕೋಣೆಯ ಪಕ್ಕದ ನೆರಳಿಗೆ ಸ್ಥಳಾಂತರಿಸಿದೆವು. ಅಲ್ಲಿಂದ ಈಚೆಗೆ ಆ ದೂರಿಲ್ಲ.

ಯಾವ ಕರಪತ್ರದಲ್ಲೂ ಇಲ್ಲದ ಸಂಗತಿ ಇನ್ನೊಂದಿದೆ. ಆಷಾಢ, ಶ್ರಾವಣದಲ್ಲಿ ವಾರಗಟ್ಟಲೆ ಮೋಡ ಮುಚ್ಚಿದಾಗ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ಈ ಜಾತಿಯ ಬ್ಯಾಟರಿಯ ವೋಲ್ಟೇಜ್ ತುಂಬಿದಾಗಲೂ ಅರ್ಧವಾದಾಗಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಎಷ್ಟು ಉಳಿದಿದೆ ಎಂಬ ಲೆಕ್ಕ ಕ್ರಮೇಣ ತಪ್ಪುತ್ತದೆ. ಪರದೆಯ ಮೇಲೆ ಶೇ 30 ಎಂದು ತೋರಿಸುತ್ತಿದ್ದದ್ದು ನೋಡನೋಡುತ್ತಿದ್ದಂತೆ ಶೇ 5ಕ್ಕೆ ಇಳಿದು, ಬೇಸಿನ್ ತುಂಬ ಗೂಡಿರುವಾಗಲೇ ಯಂತ್ರ ನಿಂತಿತು. ವಾರಕ್ಕೊಮ್ಮೆಯಾದರೂ ಬೆಸ್ಕಾಂ ಕರೆಂಟ್‌ನಿಂದಲೇ ನೂರಕ್ಕೆ ನೂರು ತುಂಬಿಸಿದರೆ ಲೆಕ್ಕ ಸರಿಹೋಗುತ್ತದೆ, ಸೆಲ್‌ಗಳೂ ಸಮವಾಗುತ್ತವೆ. ಮಳೆಗಾಲದಲ್ಲಿ ಈ ಕೆಲಸವನ್ನು ತಪ್ಪಿಸಬೇಡಿ.

ಬೇಸಿಗೆಯಲ್ಲಿ ಫಲಕದಿಂದ ದಿನಕ್ಕೆ 20 ಯೂನಿಟ್ ಸಲೀಸಾಗಿ ಬರುತ್ತದೆ, ಮಳೆಗಾಲದ ಕೆಟ್ಟ ದಿನ ಅದರ ಅರ್ಧವೂ ಇಲ್ಲ. ಬ್ಯಾಟರಿಯ ಶೇ 40 ಭಾಗವನ್ನು ಕರೆಂಟ್ ಹೋದಾಗಕ್ಕೆಂದೇ ಮೀಸಲಿಟ್ಟು ಮೇಲಿನದನ್ನು ಸಂಜೆಗೆ ಬಳಸುತ್ತೇವೆ. ಪೂರ್ತಿ ತುಂಬಿದ್ದರೆ ಮೋಟಾರ್, ಪಂಪ್, ದೀಪ, ಫ್ಯಾನ್ ಎಲ್ಲ ಸೇರಿ ನಾಲ್ಕು ಗಂಟೆ ನಡೆಯುತ್ತದೆ.

ಹಣದ ಮಾತಿಗೆ ಬರುತ್ತೇನೆ. ಎರಡು ಬ್ಯಾಟರಿಗೇ ಎರಡೂಮುಕ್ಕಾಲು ಲಕ್ಷ ಬಿತ್ತು. ದಿನಕ್ಕೆ 6 ಯೂನಿಟ್‌ನಂತೆ ಹತ್ತು ವರ್ಷ ಬಳಸಿದರೂ ಒಟ್ಟು ಸುಮಾರು 22,000 ಯೂನಿಟ್. ಅಂದರೆ ಹೊರಬರುವ ಯೂನಿಟ್ ಒಂದಕ್ಕೆ ಬ್ಯಾಟರಿಯ ವೆಚ್ಚವೇ ಹನ್ನೆರಡು ರೂಪಾಯಿ ದಾಟುತ್ತದೆ. ಬೆಸ್ಕಾಂ ದರದ ಪಕ್ಕ ಇಟ್ಟು ನೋಡಿದರೆ ಇದು ನಷ್ಟದ ಬಾಬತ್ತು. ಆದರೆ ಕರೆಂಟ್ ಹೋದಾಗ ಬೆಸ್ಕಾಂ ಯೂನಿಟ್ ಎಂಬುದೇ ಇರುವುದಿಲ್ಲ, ಆಗ ಹೋಲಿಸಬೇಕಾದದ್ದು ಡೀಸೆಲ್ ಜೊತೆ. ಸಣ್ಣ ಜನರೇಟರ್ ಲೀಟರಿಗೆ ಮೂರು ಯೂನಿಟ್ ಕೊಟ್ಟರೆ ಹೆಚ್ಚು. ತೊಂಬತ್ತು ರೂಪಾಯಿಯ ಡೀಸೆಲ್‌ಗೆ ಯೂನಿಟ್ಟಿಗೆ ಮೂವತ್ತು ಬೀಳುತ್ತದೆ, ಹೊಗೆ, ಸದ್ದು ಬೇರೆ. ನಮ್ಮ ಜನರೇಟರನ್ನು ಮಾರಿಬಿಟ್ಟೆವು. ನಾವು ಕೊಂಡ ಮೇಲೆ ಲಿಥಿಯಂ ಸೆಲ್‌ಗಳ ಬೆಲೆಯೂ ಚೆನ್ನಾಗಿ ಇಳಿದಿದೆ, ಈಗ ಕೊಳ್ಳುವವರ ಲೆಕ್ಕ ನಮ್ಮದಕ್ಕಿಂತ ಹಗುರವಾಗುತ್ತದೆ.

ಇದು ನಮ್ಮೊಂದು ಘಟಕದ ಸಮಸ್ಯೆಯಷ್ಟೇ ಅಲ್ಲ ಎಂಬುದೂ ಈ ಬಳಕೆಯಿಂದ ಮನಸ್ಸಿಗೆ ನಾಟಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಾಗ ಕಾವೇರಿ ಹಗಲೂ ರಾತ್ರಿ ಹರಿಯುತ್ತಿದ್ದಳು. ಸೂರ್ಯ ಹಾಗಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ನಡುಹಗಲು ಅಲ್ಲಿ ವಿದ್ಯುತ್ ಧಾರಾಳ. ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅಷ್ಟೂ ಇಲ್ಲವಾಗುತ್ತದೆ. ಹಗಲಿನ ಉಳಿಕೆಯಿಂದ ನೀರನ್ನು ಮೇಲೆತ್ತಿ ಸಂಜೆ ಇಳಿಸಿ ವಿದ್ಯುತ್ ಪಡೆಯಲು ಶರಾವತಿಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, 2,000 ಮೆಗಾವ್ಯಾಟ್‌ನ ಯೋಜನೆಯ ಪ್ರಸ್ತಾವವಿದೆ. ಅದಕ್ಕೆ ಪಶ್ಚಿಮ ಘಟ್ಟದ ಕಾಡು ಬಲಿಯಾಗುತ್ತದೆ ಎಂದು ಮಲೆನಾಡಿನವರು ವಿರೋಧಿಸುತ್ತಿದ್ದಾರೆ. ಅವರ ಆತಂಕ ನನ್ನದೂ ಹೌದು. ಬಯಲುಸೀಮೆಯ ಘಟಕಗಳು, ಹಾಲಿನ ಡೇರಿಗಳು, ಶೈತ್ಯಾಗಾರಗಳು ಹಗಲಿನ ಬಿಸಿಲನ್ನು ತಮ್ಮಲ್ಲೇ ಹಿಡಿದಿಟ್ಟರೆ ಸಂಜೆಯ ಒತ್ತಡದಲ್ಲಿ ಒಂದು ಪಾಲಾದರೂ ಘಟ್ಟದ ಮೇಲಿಂದ ಇಳಿಯುತ್ತದೆ. ಅದಕ್ಕೆ ಸಂಜೆಯ ಯೂನಿಟ್ಟಿಗೆ ಸಂಜೆಯ ಬೆಲೆ ಸಿಗಬೇಕು. ಬಿಸಿಲಿನ ವೇಳೆಗೆ ಕಡಿಮೆ ದರ, ಬೇಡಿಕೆಯ ವೇಳೆಗೆ ಹೆಚ್ಚಿನ ದರ ಎಂಬ ತತ್ವವನ್ನು ಕೇಂದ್ರ ಸರ್ಕಾರ 2023ರ ನಿಯಮ ತಿದ್ದುಪಡಿಯಲ್ಲೇ ಒಪ್ಪಿದೆ. ಕೊಳ್ಳುವ ಗ್ರಾಹಕನಿಗೆ ಅನ್ವಯವಾಗುವ ಆ ತತ್ವ ಬ್ಯಾಟರಿಯಿಂದ ಲೈನಿಗೆ ಕೊಡುವ ನಮ್ಮಂಥವರಿಗೂ ಅನ್ವಯವಾಗಲಿ ಎಂಬುದು ನನ್ನ ಆಗ್ರಹ.

ಮೂರು ವರ್ಷದಲ್ಲಿ ಎರಡೂ ಬ್ಯಾಟರಿಗಳ ಹಿಡಿತ ಸ್ವಲ್ಪವೇ ಇಳಿದಿದೆ. ಒಟ್ಟು ಹತ್ತು ಯೂನಿಟ್ ಕೊಡುತ್ತಿದ್ದವು ಈಗ ಒಂಬತ್ತೂವರೆ ಕೊಡುತ್ತವೆ. ಇನ್ವರ್ಟರ್ ಸುಮ್ಮನೆ ಉರಿಯುತ್ತಿದ್ದರೂ ದಿನಕ್ಕೆ ಒಂದೂವರೆ ಯೂನಿಟ್ ತಿನ್ನುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೊಳ್ಳುವ ಮೊದಲು ವಾರಂಟಿ ಪತ್ರದಲ್ಲಿ ವರ್ಷದ ಜೊತೆಗೆ ಚಾರ್ಜ್ ಸುತ್ತಿನ ಮಿತಿ ಎಷ್ಟು, ಕೆಟ್ಟರೆ ಬ್ಯಾಟರಿಯನ್ನು ಬೆಂಗಳೂರಿಗೆ ಹೊತ್ತೊಯ್ಯುವ ಖರ್ಚು ಯಾರದು ಎಂದು ಬರೆಸಿಕೊಳ್ಳಿ. ಮೂರನೆಯ ಬ್ಯಾಟರಿ ಸೇರಿಸುವ ಆಸೆ ನಮಗಿದೆ. ಹಳೆಯದರ ಜೊತೆ ಹೊಂದುವ ಅದೇ ಮಾದರಿ ಸಿಕ್ಕರೆ ಮಾತ್ರ ಕೊಳ್ಳುತ್ತೇವೆ.