ಅಣಬೆ ತರಬೇತಿ, ಕಿಟ್, ಬೈಬ್ಯಾಕ್: ದುಡ್ಡು ಕಟ್ಟುವ ಮೊದಲು ಓದಿ

ಡಿಸೆಂಬರಿನಲ್ಲಿ ಒಂದು ದಿನದ ತರಬೇತಿ. ಮಾರ್ಚಿನಲ್ಲಿ ಮನೆ ಬಾಗಿಲಿಗೆ ಅಣಬೆ ಬೆಳೆಯುವ ಕಿಟ್. ಏಪ್ರಿಲಿನಲ್ಲಿ, ಹುಲ್ಲು ತುಂಬಿ ಅಣಬೆ ಬೀಜ ಹಾಕಿದ್ದ ಚೀಲಗಳ ಸಾಲಿನಲ್ಲೆಲ್ಲ ಹಸಿರು ಬೂಷ್ಟು. ಮಳೆಗಾಲದಲ್ಲಿ ಚೆನ್ನಾಗಿ ಬೆಳೆದು ಒಣಗಿಸಿಟ್ಟ ಅಣಬೆಯನ್ನು ‘ಬೈಬ್ಯಾಕ್’, ಅಂದರೆ ನಾವೇ ಮರಳಿ ಕೊಳ್ಳುತ್ತೇವೆ, ಎಂದಿದ್ದ ಕಂಪನಿಯವರು ಫೋನೇ ಎತ್ತಲಿಲ್ಲ. ಬಯಲುಸೀಮೆಯಲ್ಲಿ ಒಂದೇ ಬ್ಯಾಚಿನಲ್ಲಿ ಕಲಿತ ಕೆಲವು ಮನೆಗಳವರ ಒಂದು ವರ್ಷ ಕಳೆದದ್ದು ಹೀಗೆ. ತರಬೇತಿ ಶುಲ್ಕ 5,000 ರೂಪಾಯಿ ಹೋಗಿದ್ದರೆ ಯಾರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ಅದರ ಹಿಂದೆಯೇ ಬಂದ 45,000 ರೂಪಾಯಿಯ ಕಿಟ್ಟು, ಶೆಡ್ಡಿಗೆ ಹಾಕಿದ ಶೇಡ್‌ನೆಟ್ಟು, ಸ್ವಸಹಾಯ ಸಂಘದಲ್ಲಿ ಎತ್ತಿದ ಸಾಲ ಇವು ಉಳಿದುಕೊಂಡವು. ಇದೇ ಮಾದರಿಯ ಜಾಹೀರಾತುಗಳು ಈಗಲೂ ವಾಟ್ಸಾಪಿನಲ್ಲಿ ಓಡಾಡುತ್ತಿವೆ. ಎಲ್ಲೆಲ್ಲಿ ಕಾಲು ಜಾರುತ್ತದೆ ಎಂದು ಬಿಡಿಸಿ ಹೇಳಲೇಬೇಕು.

ಮೊದಲು ಲಾಭದ ಪಟ್ಟಿ. ತರಬೇತಿಯ ಅರ್ಧ ದಿನ ಪರದೆಯ ಮೇಲೆ ಇದೇ ಇತ್ತು: ‘ಒಂದು ಚೀಲಕ್ಕೆ 3 ಕಿಲೋ ಇಳುವರಿ’. ಲೆಕ್ಕ ಹಾಕಿ ನೋಡಿ. ಐದು ಕಿಲೋ ತೂಗುವ ಚೀಲದಲ್ಲಿ ಸುಮಾರು 70% ನೀರು, ಒಣ ಹುಲ್ಲು ಇರುವುದು ಒಂದೂವರೆ ಕಿಲೋ. ಚಿಪ್ಪಣಬೆಯಲ್ಲಿ (ಆಯ್‌ಸ್ಟರ್ ಅಣಬೆ) ಒಂದು ಟನ್ ಒಣ ಹುಲ್ಲಿಗೆ 500ರಿಂದ 700 ಕಿಲೋ ಹಸಿ ಅಣಬೆ ಬಂದರೆ ಒಳ್ಳೆಯ ಬೆಳೆ. ಅಂದರೆ ಚೀಲಕ್ಕೆ ಮುಕ್ಕಾಲರಿಂದ ಒಂದು ಕಿಲೋ, ಅದೂ ಎರಡು ಮೂರು ಕಟಾವು ಸೇರಿ. ನುರಿತವರು ಇನ್ನೂ ಹೆಚ್ಚು ತೆಗೆಯುತ್ತಾರೆ, ಆದರೆ ಹೊಸಬರಿಗೆ ಮೊದಲ ಬೆಳೆಯಲ್ಲೇ ಮೂರು ಕಿಲೋ ಎಂಬುದು ಸುಳ್ಳು. ಚೀಲದ ತೂಕ, ಒಣ ಹುಲ್ಲಿನ ತೂಕ ಎರಡನ್ನೂ ಹೇಳದೆ ಬರೀ ‘ಚೀಲಕ್ಕೆ ಇಷ್ಟು’ ಎನ್ನುವ ಪಟ್ಟಿಯನ್ನು ನಂಬಬೇಡಿ.

ಆಮೇಲೆ ಕಾಲದ ಮಾತು. ಚಿಪ್ಪಣಬೆಗೆ 20ರಿಂದ 28 ಡಿಗ್ರಿ ಹಿತ. ಮೂವತ್ತು ದಾಟಿದರೆ ತಳಿ ಸೊರಗಿ ಬೂಷ್ಟಿನ ಕೈ ಮೇಲಾಗುತ್ತದೆ. ಬೀಜ (ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆ, ಅಂದರೆ ಸ್ಪಾನ್) ಹುಲ್ಲಿನೊಳಗೆ ಹಬ್ಬುವಾಗ ಚೀಲ ತಾನೇ ಶಾಖ ಹೊರಹಾಕುವುದರಿಂದ ಅದರ ಒಳಗಿನ ಬಿಸಿ ಕೋಣೆಗಿಂತ ಕೆಲವು ಡಿಗ್ರಿ ಜಾಸ್ತಿಯೇ ಇರುತ್ತದೆ. ತರಬೇತಿ ನಡೆದದ್ದು ಚಳಿಯಲ್ಲಿ, ಆವತ್ತು ತೋರಿಸಿದ ಚೀಲ ಹಾಲಿನಂತೆ ಬೆಳ್ಳಗಿತ್ತು. ಕಿಟ್ ಬಂದಾಗ ಹೊರಗೆ 38 ಡಿಗ್ರಿ, ಮೇಲೆ ತಗಡಿನ ಶೀಟು. ಬೇಸಿಗೆಗೆ ಹೊಂದುವುದು ಹಾಲಣಬೆ. ಅದಕ್ಕೆ 30ರಿಂದ 35 ಡಿಗ್ರಿ ಒಗ್ಗುತ್ತದೆ, ಆದರೆ ಬೀಜ ಪೂರ್ತಿ ಹಬ್ಬಿದ ಮೇಲೆ ಚೀಲದ ಬಾಯಿಗೆ ಹದಗೊಳಿಸಿದ ಮಣ್ಣಿನ ಪದರ ಕೊಡಬೇಕು. ಹಾಲಣಬೆಯ ಹೆಸರನ್ನೇ ಎತ್ತದೆ ಮಾರ್ಚಿನಲ್ಲಿ ಚಿಪ್ಪಣಬೆಯ ಬೀಜ ಕಳಿಸುವವರಿಗೆ ಬೆಳೆಗಾರನ ಬೆಳೆ ಬೇಕಿಲ್ಲ.

ಹುಲ್ಲು ಹದ ಮಾಡುವುದು ಇಡೀ ಕಸುಬಿನ ಜೀವ. ಆ ತರಬೇತಿಯಲ್ಲಿ ಇದಕ್ಕೆ ಸಿಕ್ಕಿದ್ದು ಹತ್ತು ನಿಮಿಷ, ಯಾರ ಕೈಯೂ ಒದ್ದೆಯಾಗಲಿಲ್ಲ. ಹೊಸ ಭತ್ತದ ಹುಲ್ಲನ್ನು ಒಂದೆರಡು ಅಂಗುಲ ಉದ್ದಕ್ಕೆ ಕತ್ತರಿಸಿ, ಆರೇಳು ಗಂಟೆ ತಣ್ಣೀರಿನಲ್ಲಿ ನೆನೆಸಿ, ಬಸಿದು, 80 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ನೀರು ಬಿಸಿಯಿದೆ ಎಂದು ಕಣ್ಣಂದಾಜಿನಲ್ಲಿ ಬಿಡುವಂತಿಲ್ಲ, ಥರ್ಮಾಮೀಟರ್ ಬೇಕೇ ಬೇಕು. ಹುಲ್ಲು ಹಾಕಿದ ಕೂಡಲೇ ನೀರಿನ ಶಾಖ ಇಳಿಯುತ್ತದೆ, ಗಂಟೆ ಎಣಿಸಬೇಕಾದದ್ದು ಮತ್ತೆ ಶಾಖ ಏರಿದ ಮೇಲಿನಿಂದ. ಆ ಬ್ಯಾಚಿನವರ ಶೆಡ್ಡಿನಲ್ಲಿ ಎಡವಿದ್ದು ಇಲ್ಲೇ: ದೊಡ್ಡ ಡ್ರಮ್ಮಿಗೆ ಕುದಿನೀರು ಸುರಿದು, ಮುಚ್ಚಳ ಹಾಕಿ, ಒಲೆ ಆರಿಸಿಬಿಟ್ಟಿದ್ದರು. ಕಿಟ್ಟಿನ ಜೊತೆ ಬಂದ ಒಂದು ಪುಟದ ಹಾಳೆಯಲ್ಲಿ ಬರೆದಿದ್ದೇ ಹಾಗೆ.

ಇನ್ನು ತೇವಾಂಶ. ಬಸಿದ ಹುಲ್ಲನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿನಿಂದ ನೀರು ತೊಟ್ಟಿಕ್ಕಿದರೆ ಇನ್ನೂ ಆರಬೇಕು. ಅಂಗೈ ಒದ್ದೆಯಾಗಿ ಹನಿ ಬೀಳದಿದ್ದರೆ ಹದ ಬಂದಿದೆ. ಹೆಚ್ಚು ನೀರಿದ್ದರೆ ಚೀಲದ ತಳದಲ್ಲಿ ನಿಂತು ಕೊಳೆತು ಹುಳಿ ವಾಸನೆ ಹೊಡೆಯುತ್ತದೆ, ತಳದಿಂದ ಒಂದು ಗೇಣು ಎತ್ತರದವರೆಗೆ ಬೀಜ ಇಳಿಯುವುದೇ ಇಲ್ಲ. ಈ ಮುಷ್ಟಿ ಪರೀಕ್ಷೆಯನ್ನು ಪರದೆಯ ಮೇಲೆ ಎಷ್ಟು ಸಲ ತೋರಿಸಿದರೂ ಬರುವುದಿಲ್ಲ. ಹುಲ್ಲನ್ನು ಕೈಯಲ್ಲೇ ಹಿಂಡಿ ನೋಡಬೇಕು.

ಬಿಸಿನೀರಿನ ಬದಲು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಮತ್ತು ಫಾರ್ಮಾಲಿನ್ ಎಂಬ ಕ್ರಿಮಿನಾಶಕದ ದ್ರಾವಣದಲ್ಲಿ ಹುಲ್ಲು ನೆನೆಸುವ ವಿಧಾನವೂ ಇದೆ. 100 ಲೀಟರ್ ನೀರಿಗೆ 7.5 ಗ್ರಾಂ ಕಾರ್ಬೆಂಡಜಿಮ್, 125 ಮಿ.ಲೀ. ಫಾರ್ಮಾಲಿನ್, 16ರಿಂದ 18 ಗಂಟೆ ಮುಚ್ಚಿಡುವುದು. ಕಿಟ್ಟಿನಲ್ಲಿ ಫಾರ್ಮಾಲಿನ್ ಬಾಟಲಿ ಇತ್ತು, ಕೈಗವಸು ಇರಲಿಲ್ಲ, ಅಳತೆ ಲೋಟ ಇರಲಿಲ್ಲ, ಗಾಳಿ ಆಡುವ ಕಡೆ ಬೆರೆಸಿ ಎಂಬ ಮಾತೂ ಇರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಬೆರೆಸಿದವರಿಗೆ ಕಣ್ಣುರಿ, ಉಸಿರು ಕಟ್ಟಿದ ಅನುಭವ. ಫಾರ್ಮಾಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ಮನೆಮಟ್ಟದ ಬೆಳೆಗೆ ಬಿಸಿನೀರೇ ಸಾಕು, ಮಕ್ಕಳಿರುವ ಮನೆಗೆ ಈ ಬಾಟಲಿ ಬರಲೇಬಾರದು. ಹಾಗೆಯೇ ಚಿಪ್ಪಣಬೆ ಬಲಿತಾಗ ಹಾರುವ ಬೀಜಕಣಗಳಿಂದ ಕೆಲವರಿಗೆ ಬಿಡದ ಕೆಮ್ಮು ಹತ್ತುತ್ತದೆ. ಅಂಚು ಮೇಲಕ್ಕೆ ಸುರುಳಿಯಾಗುವ ಮೊದಲೇ ಕೊಯ್ಯಬೇಕು, ಕೊಯ್ಯುವಾಗ ಮಾಸ್ಕ್ ಹಾಕಬೇಕು. ಇದನ್ನು ಹೇಳದ ತರಬೇತಿ ಅಪೂರ್ಣ.

ಬೀಜದ ವಿಷಯಕ್ಕೆ ಬಂದರೆ, ಬಂದ ಪ್ಯಾಕೆಟ್ಟುಗಳ ಮೇಲೆ ತಯಾರಿಸಿದ ದಿನಾಂಕವೇ ಇರಲಿಲ್ಲ. ಜೋಳದ ಕಾಳುಗಳ ಮೇಲಿನ ಬಿಳಿ ಎಳೆ ಗಟ್ಟಿ ಚರ್ಮದಂತಾಗಿತ್ತು, ಮೂಲೆಯಲ್ಲಿ ಹಳದಿ ನೀರು ಕೂತಿತ್ತು. ಇವೆರಡೂ ಮುದಿ ಬೀಜದ ಗುರುತು. ಒಳ್ಳೆಯ ಸ್ಪಾನ್ ಹತ್ತಿಯಂತೆ ಬೆಳ್ಳಗಿರುತ್ತದೆ, ಹಿಸುಕಿದರೆ ಕಾಳು ಬಿಡಿಬಿಡಿಯಾಗುತ್ತದೆ, ಮೂಗಿಗೆ ಹಸಿ ಅಣಬೆಯ ವಾಸನೆ ಬರುತ್ತದೆ. ಹಸಿರು ಅಥವಾ ಕಪ್ಪು ಚುಕ್ಕೆ ಒಂದೇ ಒಂದು ಕಂಡರೂ ಆ ಪ್ಯಾಕೆಟ್ಟನ್ನು ಒಡೆಯದೆ ವಾಪಸ್ ಮಾಡಿ. ಹಸಿ ಹುಲ್ಲಿನ ತೂಕದ 2ರಿಂದ 3%, ಅಂದರೆ ಐದು ಕಿಲೋ ಚೀಲಕ್ಕೆ 100ರಿಂದ 150 ಗ್ರಾಂ ಬೀಜ ಬೇಕು. ಆ ಕಿಟ್ಟಿನಲ್ಲಿ 200 ಚೀಲಕ್ಕೆ ಕೊಟ್ಟದ್ದು 10 ಕಿಲೋ. ಕನಿಷ್ಠ ಇರಬೇಕಾದದ್ದರ ಅರ್ಧ! ಬೀಜ ಕಡಿಮೆಯಾದರೆ ಹಬ್ಬುವುದು ತಡವಾಗುತ್ತದೆ, ತಡವಾದಷ್ಟೂ ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟಿಗೆ ಜಾಗ ಸಿಗುತ್ತದೆ. ಆಮೇಲೆ ‘ನಿಮ್ಮ ಶೆಡ್ಡಿನಲ್ಲಿ ಸ್ವಚ್ಛತೆ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಒಪ್ಪಂದ. ‘ಬೆಳೆದದ್ದೆಲ್ಲ ನಾವೇ ಕೊಳ್ಳುತ್ತೇವೆ’ ಎಂಬ ಮಾತಿಗಾಗಿಯೇ ಜನ ದುಡ್ಡು ಕಟ್ಟಿದ್ದು. ನೂರು ರೂಪಾಯಿಯ ಸ್ಟಾಂಪ್ ಪೇಪರಿನಲ್ಲಿ ಬರೆದದ್ದನ್ನು ಹಿಂದಿನ ಪುಟ ತಿರುಗಿಸಿ ಓದಿದರೆ ಹೀಗಿತ್ತು: ಒಣ ಅಣಬೆ ಮಾತ್ರ, ಕಿಲೋಗೆ 600 ರೂಪಾಯಿ, ತೇವಾಂಶ 10% ಮೀರಬಾರದು, ಒಂದು ಸಲಕ್ಕೆ ಕನಿಷ್ಠ 50 ಕಿಲೋ, ನಮ್ಮಿಂದಲೇ ಕೊಂಡ ಬೀಜದಿಂದ ಬೆಳೆದಿರಬೇಕು, ಸಾಗಣೆ ಬೆಳೆಗಾರರದು, ಗುಣಮಟ್ಟದ ಬಗ್ಗೆ ಕಂಪನಿಯ ತೀರ್ಮಾನವೇ ಅಂತಿಮ.

ಒಂದೊಂದೂ ನ್ಯಾಯವಾಗಿಯೇ ಕಾಣುತ್ತದೆ. ಜೋಡಿಸಿ ನೋಡಿದರೆ ಬಲೆ. ಹತ್ತು ಕಿಲೋ ಹಸಿ ಅಣಬೆ ಒಣಗಿದರೆ ಉಳಿಯುವುದು ಸುಮಾರು ಒಂದು ಕಿಲೋ. ಹಾಗಾಗಿ ಕೇಳಲು ದೊಡ್ಡದಾದ 600 ರೂಪಾಯಿ ಹಸಿ ಅಣಬೆಗೆ ಕಿಲೋಗೆ 60 ರೂಪಾಯಿ ಅಷ್ಟೇ, ಒಣಗಿಸುವ ಸೌದೆ ಕರೆಂಟಿನ ಖರ್ಚು ಬೇರೆ. ಕನಿಷ್ಠ 50 ಕಿಲೋ ಒಣ ಅಣಬೆ ಅಂದರೆ 500 ಕಿಲೋ ಹಸಿ. ಕಿಟ್ ಇರುವುದು 200 ಚೀಲಕ್ಕೆ, ಚೆನ್ನಾಗಿ ಬಂದರೂ 150ರಿಂದ 200 ಕಿಲೋ ಹಸಿ, ಒಣಗಿಸಿದರೆ 15ರಿಂದ 20 ಕಿಲೋ. ಐವತ್ತು ಮುಟ್ಟಲು ಮೂರು ನಾಲ್ಕು ಬೆಳೆ ಕೂಡಿಡಬೇಕು, ಪ್ರತಿ ಬೆಳೆಗೂ ಅವರಿಂದಲೇ ಬೀಜ ಕೊಳ್ಳಬೇಕು. ಅಷ್ಟರಲ್ಲಿ ಮಳೆಗಾಲ. ಒಣ ಅಣಬೆ ಗಾಳಿಯ ತೇವ ಹೀರುವುದರಲ್ಲಿ ಹಪ್ಪಳವನ್ನೂ ಮೀರಿಸುತ್ತದೆ. ಮುರಿದರೆ ಪಟ್ ಎನ್ನುತ್ತಿದ್ದದ್ದು ಬಾಗುವಂತಾದರೆ ತೇವಾಂಶ ಹೆಚ್ಚಿದೆ ಎಂದೇ ಅರ್ಥ. ಆ ಬ್ಯಾಚಿನವರು ಕೊನೆಗೆ ನಾಲ್ಕು ಮನೆಯದು ಒಟ್ಟುಗೂಡಿಸಿ ಕಳಿಸಿದರು. ತೇವಾಂಶ ಜಾಸ್ತಿ, ಬಣ್ಣ ಹಳದಿ ಎಂಬ ಎರಡು ಸಾಲಿನ ಮೆಸೇಜು ಬಂತು, ಮಾಲು ವಾಪಸ್ ಬರಲಿಲ್ಲ.

ನಂತರ ಬಂದ ಕರೆ ಇನ್ನೂ ಅಪಾಯದ್ದು: ‘ನಿಮ್ಮ ತಾಲೂಕಿನ ಫ್ರಾಂಚೈಸಿ ನೀವೇ ಆಗಿ, ಹತ್ತು ಜನರನ್ನು ಸೇರಿಸಿದರೆ ನಿಮ್ಮ ನಷ್ಟ ತುಂಬುತ್ತದೆ.’ ದಯವಿಟ್ಟು ಇದಕ್ಕೆ ಒಪ್ಪಬೇಡಿ. ನಿಮ್ಮ ಊರಿನವರ ದುಡ್ಡಿಗೆ ನೀವೇ ಉತ್ತರ ಹೇಳಬೇಕಾಗುತ್ತದೆ.

ಸರ್ಟಿಫಿಕೇಟಿನ ಮೇಲೆ ಅಚ್ಚು ಮಾಡಿದ ಉದ್ಯಮ್ ನೋಂದಣಿ, ಜಿಎಸ್‌ಟಿ ಸಂಖ್ಯೆಗಳು ತರಬೇತಿಗೆ ಸರ್ಕಾರದ ಮಾನ್ಯತೆ ಅಲ್ಲ. ಉದ್ಯಮ್ ನೋಂದಣಿಯನ್ನು ಯಾವುದೇ ಸಣ್ಣ, ಮಧ್ಯಮ ಉದ್ದಿಮೆ ತಾನೇ ಘೋಷಿಸಿಕೊಂಡು ಉಚಿತವಾಗಿ ಪಡೆಯಬಹುದು. ಆ ಹಾಳೆ ತೋರಿಸಿದರೆ ಸಬ್ಸಿಡಿ ಸಿಗುತ್ತದೆ ಎಂಬುದೂ ಬರಿಮಾತು.

ಹಾಗಾದರೆ ಕಲಿಯುವುದೆಲ್ಲಿ? ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಪ್ರಯೋಗಾಲಯವೇ ಇದೆ. ಅಲ್ಲಿ ತರಬೇತಿಯೂ ನಡೆಯುತ್ತದೆ, ಬೀಜವೂ ಸಿಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲೂ ಅಣಬೆಯ ಕೆಲಸ ನಡೆಯುತ್ತದೆ. ದೇಶದ ಮಟ್ಟದಲ್ಲಿ ಹಿಮಾಚಲದ ಸೋಲನ್‌ನಲ್ಲಿ ಅಣಬೆ ಸಂಶೋಧನಾ ನಿರ್ದೇಶನಾಲಯವಿದೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಅಣಬೆ ತರಬೇತಿ ಯಾವ ತಿಂಗಳು ಎಂದು ಕೇಳಿ ಹೆಸರು ಬರೆಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಮತ್ತು ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿಗಳಲ್ಲಿ ಊಟ ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ, ಅಣಬೆ ಬೇಸಾಯಕ್ಕೆ ಹತ್ತು ದಿನದ ಪಠ್ಯಕ್ರಮವಿದೆ. ಅಷ್ಟು ದಿನ ಯಾಕೆ ಎನ್ನಬೇಡಿ. ಕೈಯಾರೆ ತುಂಬಿದ ಚೀಲದಲ್ಲಿ ಬೀಜ ಹಬ್ಬಲು ತೊಡಗುವುದನ್ನು ಕಾಣಲು ಅಷ್ಟಾದರೂ ಬೇಕು. ರೈತರ ಮಕ್ಕಳಿಗೆ ತೋಟಗಾರಿಕೆಯನ್ನೇ ಬುಡದಿಂದ ಕಲಿಯುವ ಆಸೆಯಿದ್ದರೆ ರಾಜ್ಯ ತೋಟಗಾರಿಕೆ ಇಲಾಖೆ ಶಿಷ್ಯವೇತನ ಕೊಟ್ಟು ನಡೆಸುವ 10 ತಿಂಗಳ ತರಬೇತಿ ಇದೆ, ಅದರ ಪ್ರಕಟಣೆಗೆ ಕಣ್ಣಿಟ್ಟಿರಿ. ಸಣ್ಣಪುಟ್ಟ ಸಂದೇಹಕ್ಕೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ.

ಖಾಸಗಿ ತರಬೇತಿಗಳೆಲ್ಲ ಮೋಸ ಎಂದಲ್ಲ. ಫೋನಿನಲ್ಲಿ ಇಷ್ಟು ಕೇಳಿ: ಹುಲ್ಲು ಬೇಯಿಸುವುದನ್ನೂ ಚೀಲ ತುಂಬುವುದನ್ನೂ ನನ್ನ ಕೈಯಲ್ಲೇ ಮಾಡಿಸುತ್ತೀರಾ? ಕೆಟ್ಟ ಚೀಲ ತೋರಿಸುತ್ತೀರಾ? ಕಿಟ್ ಕೊಳ್ಳದೆ ಬರೀ ಕಲಿಯಬಹುದೇ? ಎರಡು ವರ್ಷದ ಹಿಂದೆ ಕಲಿತು ಇವತ್ತಿಗೂ ಬೆಳೆಯುತ್ತಿರುವ ಒಬ್ಬರ ಶೆಡ್ಡಿಗೆ ಹೋಗಿ ನೋಡಬಹುದೇ? ಮೂರನೆಯ ಪ್ರಶ್ನೆಗೆ ತಡವರಿಸಿದರೆ ಫೋನ್ ಇಟ್ಟುಬಿಡಿ.

ಕಲಿತ ಮೇಲೂ ಹತ್ತು ಚೀಲದಿಂದ ಶುರುಮಾಡಿ, ಹಸಿಯಾಗಿಯೇ ಮಾರಿ. 200 ಗ್ರಾಂ ಪ್ಯಾಕೆಟ್ಟು ಮಾಡಿ ಹತ್ತಿರದ ಪೇಟೆಯ ತರಕಾರಿ ಅಂಗಡಿ, ಹೋಟೆಲುಗಳಲ್ಲಿ ಕೇಳಿ ನೋಡಿ. ಹೊರಗಿಟ್ಟರೆ ಒಂದು ದಿನ, ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಬಾಳುತ್ತದೆ. ವಾರಕ್ಕೆ ಐದು ಕಿಲೋ ಹೋಗುವ ಗಿರಾಕಿ ಸಿಗದ ಊರಿನಲ್ಲಿ 200 ಚೀಲ ಕಟ್ಟಬೇಡಿ.

ಈಗಾಗಲೇ ದುಡ್ಡು ಕಟ್ಟಿ ಸಿಕ್ಕಿಕೊಂಡವರು ಮೊದಲ ಜಾಹೀರಾತಿನ ಸ್ಕ್ರೀನ್‌ಶಾಟ್, ಹಣ ಕಳಿಸಿದ ರಸೀದಿ, ಒಪ್ಪಂದದ ಎರಡೂ ಪುಟ, ದಿನಾಂಕವಿಲ್ಲದ ಬೀಜದ ಪ್ಯಾಕೆಟ್ಟಿನ ಫೋಟೋ, ಮಾಲು ಕಳಿಸಿದ ಲಾರಿ ಚೀಟಿ ಎಲ್ಲವನ್ನೂ ಜೋಪಾನ ಮಾಡಿ. ಆನ್‌ಲೈನಿನಲ್ಲಿ ಹಣ ಹೋಗಿ ಎದುರಿನವರು ಕಾಣೆಯಾಗಿದ್ದರೆ ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಕೊಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ‘ಇದು ವ್ಯಾಪಾರಕ್ಕಾಗಿ ಕೊಂಡದ್ದು, ನೀವು ಗ್ರಾಹಕರೇ ಅಲ್ಲ’ ಎಂದು ಅವರ ವಕೀಲರು ಹೇಳುವುದು ಖಂಡಿತ. ಸ್ವಂತ ದುಡಿಮೆಯಿಂದ ಜೀವನೋಪಾಯ ಮಾಡಿಕೊಳ್ಳಲು ಕೊಂಡದ್ದು ವಾಣಿಜ್ಯ ಉದ್ದೇಶ ಆಗುವುದಿಲ್ಲ ಎಂದು ಕಾಯ್ದೆಯಲ್ಲೇ ಇದೆ. ದೂರಿನ ಮೊದಲ ಪುಟದಲ್ಲೇ ಆ ಸಾಲನ್ನು ಬರೆದುಬಿಡಿ.